ಇಫ್ತಾರಿಗೆ ಹೊರಟ ಐಸ್ ಪೆಟ್ಟಿಗೆ

ಈ ಸಲದ ಇಫ್ತಾರಿನಲ್ಲಿ ಅಬ್ದುಲ್ ಹಕೀಮರ ಹಲ್ಲು ಚಳಿಗೆ ಕಟಕಟ ಎನ್ನಬೇಕು ಎಂದು ರುಕಿಯಮ್ಮ ಪಣ ತೊಟ್ಟರು. ರಂಝಾನ್ ಬಂದಿದ್ದು ಮೇ ತಿಂಗಳಲ್ಲಿ. ಬಹ್ರೈನಿನ ಮೇ ತಿಂಗಳಲ್ಲಿ ಇಂಥ ಪಣ ತೊಡಲು ಗಟ್ಟಿ ಗುಂಡಿಗೆ ಬೇಕು.

ಇದಕ್ಕೆ ಕಾರಣ ಹಿಂದಿನ ವರ್ಷದ ಅವಮಾನ. ಮುಹರ್ರಕ್ ಪಟ್ಟಣದಲ್ಲಿ ನೆಲೆಸಿದ ಕರ್ನಾಟಕ ಕರಾವಳಿಯವರೆಲ್ಲ ಸೇರಿ ಕಟ್ಟಿಕೊಂಡ ಸಂಘವೊಂದಿದೆ. ರಂಝಾನಿನ ಒಂದು ಶುಕ್ರವಾರ ಅವರೆಲ್ಲ ಸಮುದ್ರದ ಬದಿಯ ಹುಲ್ಲಿನ ಮೇಲೆ ಚಾಪೆ ಹಾಸಿ ಒಟ್ಟಿಗೆ ಉಪವಾಸ ಬಿಡುತ್ತಾರೆ. ಬಿರಿಯಾನಿ ಒಬ್ಬರದು, ಸಮೋಸ ಇನ್ನೊಬ್ಬರದು, ಶರಬತ್ತು ಯಾವತ್ತೂ ರುಕಿಯಮ್ಮನದು. ಹಾಲು, ಗುಲಾಬಿ ಸಿರಪ್, ಕಾಮಕಸ್ತೂರಿ ಬೀಜ; ಅಳತೆ ಮಾತ್ರ ತೀರಿಹೋದ ಗಂಡ ಇದಿನಬ್ಬರದು. ಕಳೆದ ವರ್ಷ ಅದು ದಾರಿಯಲ್ಲೇ ಬಿಸಿಯಾಯಿತು. ಸಂಘದ ಅಧ್ಯಕ್ಷ ಹಕೀಂ ಒಂದು ಗುಟುಕು ಕುಡಿದು, "ರುಕಿಯಮ್ಮ, ಇದಕ್ಕೆ ಸ್ವಲ್ಪ ಚಾ ಪುಡಿ ಹಾಕಿದ್ರೆ ಆಗ್ತಿತ್ತು" ಎಂದುಬಿಟ್ಟರು. ಈ ವರ್ಷವೂ ಹಾಗೇ ಆದರೆ ಮುಂದೆ ಅಂಗಡಿಯ ಜ್ಯೂಸ್ ಪ್ಯಾಕೆಟ್ ತರಿಸುವುದೆಂದು ತೀರ್ಮಾನವೂ ಆಯಿತು. ಮೊಣಕಾಲು ಕೈಕೊಟ್ಟ ಮೇಲೆ ಸಂಘದಲ್ಲಿ ರುಕಿಯಮ್ಮನಿಗೆ ಉಳಿದಿದ್ದು ಆ ಶರಬತ್ತು ಒಂದೇ. ಅದೂ ಹೋದರೆ ಚಾಪೆಯ ಮೂಲೆಯಲ್ಲಿ ಕೂತು ಖರ್ಜೂರದ ಬೀಜ ಎಣಿಸುವುದಷ್ಟೇ ಗತಿ.

ಮಗ ರಾಶಿದ್ ಐಸ್ ಪೆಟ್ಟಿಗೆ ಕೊಡಿಸಲು ತಾಯಿಯನ್ನು ಅಂಗಡಿಗೆ ಕರೆದುಕೊಂಡು ಹೋದ. ರುಕಿಯಮ್ಮ ಮಗನಿಗೆ ಹೆಣ್ಣು ನೋಡಿದ್ದಕ್ಕಿಂತ ಹೆಚ್ಚು ನಿಗಾ ವಹಿಸಿ ಪೆಟ್ಟಿಗೆ ನೋಡಿದರು. ಒಳಗೆ ತಲೆ ಹಾಕಿದರು. ಗೋಡೆಯ ದಪ್ಪವನ್ನು ಬೆರಳಲ್ಲಿ ಅಳೆದರು. ಮುಚ್ಚಳದ ಎಡೆಗೆ ಕಾಗದದ ಚೂರು ಸಿಕ್ಕಿಸಿ ಎಳೆದರು. ಸಲೀಸಾಗಿ ಬಂದರೆ ಆ ಪೆಟ್ಟಿಗೆ ನಪಾಸು. ಕೊನೆಗೆ ಒಂದರ ಮೇಲೆ ಕೂತೇಬಿಟ್ಟರು.

"ಉಮ್ಮ, ಏಳಿ. ಎಲ್ಲರೂ ನೋಡ್ತಿದ್ದಾರೆ."

"ನೋಡ್ಲಿ. ನನ್ನ ಭಾರ ತಡೆಯದ್ದು ಇಲ್ಲಿಯ ಬಿಸಿಲು ತಡೀತದಾ?"

ದಪ್ಪ ಗೋಡೆಯ, ಬಿಗಿ ರಬ್ಬರ್ ಪಟ್ಟಿಯ ನೀಲಿ ಪೆಟ್ಟಿಗೆಯೊಂದು ಮನೆಗೆ ಬಂತು. ಅಲ್ಲಿಯವರೆಗೆ ರುಕಿಯಮ್ಮ ಮಾಡಿದ್ದೆಲ್ಲ ಸರಿಯೇ. ಎಡವಟ್ಟಾದದ್ದು ಅದನ್ನು ತುಂಬುವಾಗ.

ಸೊಸೆ ತಸ್ನೀಮ್ ಫೋನ್ ಹಿಡಿದು ಬಂದಳು. "ಮಾಮಿ, ಪೆಟ್ಟಿಗೆಯನ್ನು ಹಿಂದಿನ ದಿನವೇ ಐಸ್ ಇಟ್ಟು ತಂಪು ಮಾಡ್ಬೇಕಂತೆ. ಸಣ್ಣ ತುಂಡಿಗಿಂತ ದೊಡ್ಡ ಗಡ್ಡೆ ಒಳ್ಳೇದಂತೆ. ಎಡೆಯಲ್ಲಿ ಖಾಲಿ ಬಿಡ್ಬಾರ್ದಂತೆ."

"ಅಂತೆ, ಅಂತೆ. ನಿನ್ನ ಫೋನು ಯಾವತ್ತಾದ್ರೂ ಐಸ್ ಮುಟ್ಟಿದ್ದುಂಟಾ? ನಿನ್ನ ಮಾವ ಮದುವೆಮನೆಗಳಲ್ಲಿ ಐಸ್‌ಕ್ರೀಂ ತಿರುಗಿಸುವಾಗ ಪಕ್ಕದಲ್ಲಿ ಕೂತವಳು ನಾನು. ಮರದ ಪೀಪಾಯಿ, ಒಳಗೆ ತಗಡಿನ ಡಬ್ಬ, ಸುತ್ತ ಐಸ್. ಆ ಐಸಿಗೆ ಎಂತ ಹಾಕ್ತಿದ್ರು ಹೇಳು?"

"ಎಂತ?"

"ಉಪ್ಪು. ಅದೂ ಕೈಬಿಚ್ಚಿ. ನೀನು ಮೀನು ಸಾರಿಗೆ ಹಾಕುವ ಹಾಗೆ ಹಾಕಿದ್ರೆ ಆಗುದಿಲ್ಲ."

ತಸ್ನೀಮ್ ಫೋನ್ ಬದಿಗಿಟ್ಟಳು. ಅವಳು ಆ ಮನೆಗೆ ಸೊಸೆಯಾಗಿ ಬಂದ ದಿನದಿಂದಲೂ ಅವಳ ಸಾರಿಗೆ ಉಪ್ಪು ಕಡಿಮೆಯೇ. ಊಟದ ಮೊದಲ ತುತ್ತಿಗೇ ಆ ತೀರ್ಪು ಬರುತ್ತಿತ್ತು, ಮೇಲ್ಮನವಿಗೆ ಅವಕಾಶವಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಸ್ಟೀಲ್ ಕ್ಯಾನುಗಳಲ್ಲಿ ಶರಬತ್ತು ತುಂಬಿತು. ಸುತ್ತ ಐಸ್, ಐಸಿನ ಮೇಲೆ ಉಪ್ಪು, ಮತ್ತೆ ಐಸ್, ಮತ್ತೆ ಉಪ್ಪು. ಡಬ್ಬಿಯ ಉಪ್ಪು ಮುಗಿಯಿತು. ಕಪಾಟಿನಲ್ಲಿದ್ದ ಪ್ಯಾಕೆಟ್ಟುಗಳೂ ಮುಗಿದವು. ಪೆಟ್ಟಿಗೆಗೆ ಕಂಬಳಿ ಹೊದಿಸಿ, ಕಾರಿನಲ್ಲಿ ಅದರ ಮೇಲೆ ಕೈಯಿಟ್ಟುಕೊಂಡೇ ರುಕಿಯಮ್ಮ ಕೂತರು.

"ಉಮ್ಮುಮ್ಮ, ಒಮ್ಮೆ ಓಪನ್ ಮಾಡ್ಲಾ? ಜಸ್ಟ್ ನೋಡ್ಲಿಕ್ಕೆ," ಎಂದಳು ಮೊಮ್ಮಗಳು ನಶ್ವಾ.

"ಸುಮ್ಮನೆ ಕೂರು. ಒಳಗೆ ಹಿಮಾಲಯ ಉಂಟು."

ಸಮುದ್ರದ ಬದಿಯಲ್ಲಿ ಹಕೀಂ ಕಾದೇ ಇದ್ದರು. "ರುಕಿಯಮ್ಮ, ಈ ಸಲ ಚಾ ಪುಡಿ ನಾನೇ ತಂದಿದ್ದೇನೆ."

"ಸ್ವೆಟರ್ ತಂದಿದ್ದೀರಾ ಹಕೀಂ? ಅದು ಬೇಕಾದೀತು."

ಹೊತ್ತು ಮುಳುಗಿ ಮಗ್ರಿಬಿನ ಬಾಂಗ್ ಕೇಳಿತು. ಎಲ್ಲರ ಬಾಯಿಗೂ ಖರ್ಜೂರ ಹೋಯಿತು, ಎಲ್ಲರ ಕೈಯಲ್ಲೂ ಲೋಟ ಎದ್ದಿತು. ರುಕಿಯಮ್ಮ ಮಹಾರಾಣಿಯ ಗತ್ತಿನಲ್ಲಿ ಮುಚ್ಚಳ ತೆರೆದರು.

ಹಿಮಾಲಯ ಇರಲಿಲ್ಲ. ಕೆರೆ ಇತ್ತು. ಅಲ್ಲೊಂದು ಇಲ್ಲೊಂದು ಐಸಿನ ಹರಳು ಅನಾಥವಾಗಿ ತೇಲುತ್ತಿತ್ತು.

ರಾಶಿದ್ ಕ್ಯಾನೆತ್ತಿ ಲೋಟಕ್ಕೆ ಬಗ್ಗಿಸಿದ. ಏನೂ ಬರಲಿಲ್ಲ. ಬುಡಮೇಲು ಮಾಡಿದ. ಆಗಲೂ ಇಲ್ಲ. ಒಳಗೆ ಸೌಟು ಹಾಕಿದರೆ ಠಣ್ ಎಂದಿತು. ಶರಬತ್ತು ಗುಲಾಬಿ ಬಣ್ಣದ ಬಂಡೆಯಾಗಿತ್ತು. ಕರಗಬಾರದ್ದು ಕರಗಿತ್ತು, ಗಟ್ಟಿಯಾಗಬಾರದ್ದು ಗಟ್ಟಿಯಾಗಿತ್ತು. ರುಕಿಯಮ್ಮನಿಗೆ ಇದಿನಬ್ಬರ ಪೀಪಾಯಿಯ ಕಥೆಯ ಉಳಿದರ್ಧ ನೆನಪಾದದ್ದು ಆಗ. ಐಸ್‌ಕ್ರೀಂ ಗಟ್ಟಿಯಾಗುವ ಹೊತ್ತಿಗೆ ಉಪ್ಪು ಬಿದ್ದ ಐಸ್ ಕರಗಿ, ಪಾಪ, ಅವರ ಕಾಲಬುಡವೆಲ್ಲ ಉಪ್ಪುನೀರಾಗಿ ಲುಂಗಿ ಒದ್ದೆಯಾಗುತ್ತಿತ್ತು. ಆ ವಯಸ್ಸಿನಲ್ಲಿ ರುಕಿಯಮ್ಮನ ಕಣ್ಣು ಇದ್ದದ್ದು ಐಸ್‌ಕ್ರೀಮಿನ ಮೇಲೆ, ಐಸಿನ ಮೇಲಲ್ಲ.

ಹಕೀಮರ ಗಂಟಲಲ್ಲಿ ಖರ್ಜೂರ ಅಂಟಿಕೊಂಡಿತ್ತು. ಎದುರಿಗೆ ತಣ್ಣನೆಯ ತಿಳಿನೀರು. ಅವರು ಲೋಟ ಅದ್ದಿದರು.

"ಬೇಡ ಹಕೀಂ, ಅದು..." ಎನ್ನುವಷ್ಟರಲ್ಲಿ ದೊಡ್ಡ ಗುಟುಕು ಇಳಿದಾಗಿತ್ತು.

ಹಕೀಮರ ಮುಖ ಹಿಂಡಿದ ನಿಂಬೆಹಣ್ಣಾಯಿತು. ಕೆಮ್ಮಿದರು, ಉಗುಳಿದರು, ಯಾರೋ ಕೊಟ್ಟ ಬಾಟಲಿಯ ಬಿಸಿ ನೀರು ಕುಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ಸಮುದ್ರ ಇಲ್ಲೇ ಎದುರಿಗೆ ಉಂಟಲ್ಲ ರುಕಿಯಮ್ಮ. ಮನೆಯಿಂದ ಹೊತ್ಕೊಂಡು ಬರುವ ಅಗತ್ಯ ಎಂತ ಇತ್ತು?"

ಚಾಪೆಗಳೆಲ್ಲ ನಕ್ಕವು. ರುಕಿಯಮ್ಮ ಸೆರಗಿನೊಳಗೆ ಮುಖ ಮುಚ್ಚಿಕೊಂಡು ಜ್ಯೂಸ್ ಪ್ಯಾಕೆಟ್ಟಿನ ಕಾಲಕ್ಕೆ ಮನಸ್ಸನ್ನು ಸಿದ್ಧಮಾಡತೊಡಗಿದರು.

ಅಷ್ಟರಲ್ಲಿ ನಶ್ವಾ ಒಂದು ಕ್ಯಾನಿಗೆ ಚಮಚ ಹಾಕಿ ಕೆರೆದು ಬಾಯಿಗಿಟ್ಟಳು. "ಉಮ್ಮುಮ್ಮ, ಇದು ಸೂಪರ್ ಉಂಟು." ಮಕ್ಕಳ ಸಾಲು ಬೆಳೆಯಿತು, ಹಿಂದೆಯೇ ದೊಡ್ಡವರ ಸಾಲು. ಬಾಯಿಯ ಉಪ್ಪು ಹೋಗಲೆಂದು ಹಕೀಮರೂ ಒಂದು ಗಡ್ಡೆ ಬಾಯಿಗೆ ಹಾಕಿಕೊಂಡರು. ಅವರ ಹಲ್ಲು ಎಲ್ಲರಿಗೂ ಕೇಳುವಂತೆ ಕಟಕಟ ಎಂದಿತು.

"ಮು-ಮುಂದಿನ ವರ್ಷವೂ ಶರಬತ್ತು ನಿಮ್ಮದೇ," ಎಂದರು ಅಧ್ಯಕ್ಷರು. "ಐಸ್ ಮಾತ್ರ ತಸ್ನೀಮ್ ನೋಡಿಕೊಳ್ಳಲಿ."

ಮರುದಿನ ಮನೆಯಲ್ಲಿ ಉಪವಾಸ ಬಿಟ್ಟು ಎಲ್ಲರೂ ಊಟಕ್ಕೆ ಕೂತರು. ತಸ್ನೀಮ್ ಮೀನು ಸಾರು ಬಡಿಸಿದಳು. ರಾಶಿದ್ ಒಂದು ತುತ್ತು ತಿಂದು ಹೆಂಡತಿಯ ಮುಖ ನೋಡಿದ.

"ಡಬ್ಬಿಯಲ್ಲಿ ಒಂದು ಹರಳೂ ಇರ್ಲಿಲ್ಲ. ತರಿಸ್ಲಿಕ್ಕೆ ಮರ್ತೇಹೋಯ್ತು," ಎಂದಳು ತಸ್ನೀಮ್, ಹಾಲಿನಂಥ ಮುಖ ಮಾಡಿ. ಮತ್ತೆ ಅತ್ತೆಯ ಕಡೆ ತಿರುಗಿದಳು. "ಮಾಮಿ, ಸಾರಿಗೆ ಉಪ್ಪು ಹೇಗುಂಟು?"

ರುಕಿಯಮ್ಮ ಬಾಯಿಯ ತುತ್ತನ್ನು ಕಷ್ಟಪಟ್ಟು ನುಂಗಿದರು.

"ಸರಿ ಉಂಟು ಮಗಳೇ," ಎಂದರು. "ಇವತ್ತು ಸರಿಯಾಗಿ ಬಿದ್ದಿದೆ."