ಗಾಡಿ ಹತ್ತಿದ ಮನೆ ಸ್ಪೀಕರು

ನನ್ನ ಅಳಿಯ ಕಳ್ಳ. ನಗಬೇಡಿ, ನಿಜವಾಗಿಯೂ ಕಳ್ಳ! ಬೇರೆ ಕಳ್ಳರು ಕಂಡವರ ಮನೆಗೆ ನುಗ್ಗಿದರೆ, ಈ ಮಹಾರಾಯ ಹಾಡಹಗಲೇ ತನ್ನ ಮನೆಗೆ ತಾನೇ ಕನ್ನ ಹಾಕಿದ. ಹೆಸರು ಬರೆಯುವುದಿಲ್ಲ. ಎಷ್ಟೆಂದರೂ ಮಗಳ ಗಂಡ. ಎದುರಿಗೆ ಬಂದರೆ ಸೆರಗು ಸರಿಮಾಡಿಕೊಂಡು "ಬರ್ರಿ, ಕುಂದ್ರಿ" ಎನ್ನುವ ಬಾಯಿ ನನ್ನದು. ಇಲ್ಲಿ ಮಾತ್ರ, ನೀವೆಲ್ಲ ನಮ್ಮವರೇ ಎಂದುಕೊಂಡು, "ಅವನು" ಎಂದೇ ಬರೆಯುತ್ತೇನೆ. ಹೋಗಿ ಹೇಳಿಬಿಟ್ಟೀರಿ ಮತ್ತೆ!

ಆಗ ಗಣಿಯ ಅಬ್ಬರದ ಕಾಲ. ಹೊಸಪೇಟೆ, ಸಂಡೂರು ಕಡೆ ಗಾಡಿ ಇಟ್ಟವನೇ ದೊರೆ. ನಮ್ಮ ಅಳಿಯನದು ಕಂಪ್ಲಿ. ತೋರಣಗಲ್ಲಿನ ಫ್ಯಾಕ್ಟರಿಗೆ ಕೆಲಸದವರನ್ನು ಕರೆದುಕೊಂಡು ಹೋಗಿ ಬರುವ ಕ್ರೂಸರ್ ಗಾಡಿ ಓಡಿಸುತ್ತಿದ್ದ. ಮದುವೆಯ ಹೊತ್ತಿನಲ್ಲಿ ನಮ್ಮ ಮನೆಯವರು "ನಿಮಗೇನು ಬೇಕು ಹೇಳ್ರಿ" ಎಂದು ಕೇಳಿದರೆ ಬಹಳ ಹೊತ್ತು ನೆಲ ನೋಡಿದ. ಮಾತು ಅವನಿಗೆ ಅಷ್ಟು ತುಟ್ಟಿ! ಕೊನೆಗೆ "ಹಾಡು ಕೇಳಾಕ ಒಂದು ಚಲೋ ಸೆಟ್ ಇದ್ರ ಸಾಕ್ರಿ ಮಾವ" ಎಂದ. ಹೊಸಪೇಟೆಯ ಅಂಗಡಿಯಿಂದ ತಂದುಕೊಟ್ಟೆವು. ಸೆಟ್ ಅಂದರೆ ಏನೋ ಪುಟ್ಟದು ಎಂದುಕೊಂಡಿದ್ದೆ. ಬಂದದ್ದು ನೋಡಿದರೆ ಕಟ್ಟಿಗೆಯ ಎರಡು ಸ್ಪೀಕರ್ ಪೆಟ್ಟಿಗೆ, ಒಂದೊಂದೂ ಜೋಳ ತುಂಬುವ ಡಬ್ಬಿಯಷ್ಟು!

ಮದುವೆಯಾಗಿ ಇನ್ನೂ ಹೊಸತು. ಒಂದು ದಿನ ಮಗಳ ಫೋನು, ಒಂದೇ ಗಾಬರಿ.

"ಅವ್ವಾ, ಮನಿಗೆ ಕಳ್ಳ ಬಂದಿದ್ದ! ಸ್ಪೀಕರ್ ಎರಡೂ ಇಲ್ಲ!"

"ಬಂಗಾರ ಐತೇನ?"

"ಐತಿ."

"ಟಿವಿ?"

"ಅದೂ ಐತಿ."

"ಹಂಗಾರ ಹೊರಗಿನ ಕಳ್ಳ ಅಲ್ಲವ್ವ. ನಿನ್ನ ಗಂಡಗ ಫೋನ್ ಹಚ್ಚು."

ಹಚ್ಚಿದಳು. ಫೋನಿನಲ್ಲಿ ಗಂಡನ ದನಿಗಿಂತ ಮೊದಲು ಕದ್ದ ಮಾಲಿನ ದನಿ ಕೇಳಿಸಿತಂತೆ!

ಮುಂದಿನ ಭಾನುವಾರ ನಮ್ಮ ಮನೆಗೆ ಬಂದಾಗ ನಾನೇ ಕೇಳಿದೆ. "ಅಳಿಯಂದ್ರ, ಮನಿ ಸಾಮಾನು ಗಾಡ್ಯಾಗ ಯಾಕ್ರಿ?"

"ನಾ ಮನ್ಯಾಗ ಎಷ್ಟೊತ್ತು ಇರ್ತೀನ್ರಿ ಅತ್ತಿ? ದಿನಾ ಗಾಡ್ಯಾಗ ಇರಾಂವ. ನಾ ಎಲ್ಲಿರ್ತೀನೋ ಅದ ನನ್ನ ಮನಿ."

ಸದ್ಯ, ಮಂಚ ಒಯ್ಯಲಿಲ್ಲವಲ್ಲ ಎಂದುಕೊಂಡೆ.

ಆದರೆ ಪೆಟ್ಟಿಗೆಗಳು ಗಾಡಿಗೆ ಸುಲಭವಾಗಿ ಒಗ್ಗಲಿಲ್ಲ. ಮೆಕ್ಯಾನಿಕ್ ಕೈಮುಗಿದನಂತೆ. "ಅಣ್ಣಾ, ಗಾಡಿ ಟೇಪೇ ಬ್ಯಾರೆ, ಮನಿ ಸ್ಪೀಕರೇ ಬ್ಯಾರೆ. ಇವನ್ನ ಅದಕ್ಕ ಹಚ್ಚಿದ್ರ ದನಿ ಮ್ಯಾಲ ಏಳಂಗಿಲ್ಲ. ಗಾಡಿ ಸ್ಪೀಕರ್ ಹಾಕಿಸ್ರಿ, ಗ್ಲಾಸ್ ಅದುರಬೇಕು!" ಇವನು "ಗ್ಲಾಸ್ ಅದುರೋದು ಬ್ಯಾಡ, ಹಾಡು ಕೇಳಿದ್ರ ಸಾಕು" ಎಂದು ತಾನೇ ವೈರು ಎಳೆದ. ಹಿಂದಿನ ಭಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು ಪೆಟ್ಟಿಗೆ ಇಟ್ಟು, ಹೋರಿ ಕಟ್ಟಿದ ಹಾಗೆ ಹಗ್ಗದಿಂದ ಬಿಗಿದ. ಇಬ್ಬರು ಕೂರುವ ಜಾಗ ಹೋಯಿತು.

"ಡ್ರೈವರಪ್ಪಾ, ಈ ಇಬ್ರು ಯಾವೂರವ್ರು? ದಿನಾ ಕುಂತ ಬರ್ತಾರ, ಇಳಿಯೋದ ಇಲ್ಲಲ್ಲ!" ಎಂದು ಕೆಲಸದವರ ಗೇಲಿ. ಇವನು ಕನ್ನಡಿಯಲ್ಲಿ ನೋಡಿ ನಕ್ಕ.

ಅದಿರಿನ ಕೆಂಪು ಧೂಳು ಪೆಟ್ಟಿಗೆಯೊಳಗೆ ಇಳಿಯುತ್ತದೆಂದು ಅವಕ್ಕೆ ಹೊದಿಕೆ ಹೊಲಿಸಲು ಟೇಲರ್ ಹತ್ತಿರ ಹೋದ. ಬಟ್ಟೆ ಯಾವುದು ಗೊತ್ತೇ? ನಾನು ಮಗಳಿಗೆ ಕೊಟ್ಟ ಮೆತ್ತನೆಯ ನೂಲಿನ ಸೀರೆ! ಟೇಲರ್ ಟೇಪು ಹಿಡಿದು "ಅಳತಿ ಯಾರ್ದು?" ಎಂದರೆ ಇವನು ಎರಡೂ ಪೆಟ್ಟಿಗೆಗಳನ್ನು ಗಾಡಿಯಿಂದ ಇಳಿಸಿ ಅವನ ಮುಂದೆ ನಿಲ್ಲಿಸಿದನಂತೆ. ನನ್ನ ಮಗಳು ಆ ಸೀರೆ ಉಟ್ಟಿದ್ದು ಒಂದು ಹಬ್ಬ. ಸ್ಪೀಕರುಗಳು ಉಟ್ಟಿದ್ದು ವರ್ಷಗಟ್ಟಲೆ!

ಮೆಕ್ಯಾನಿಕ್ ಹೇಳಿದಂತೆಯೇ ಆಯಿತು. ದನಿ ಏಳಲಿಲ್ಲ. ಉಳಿದ ಗಾಡಿಗಳು ಢಬ ಢಬ ಎಂದು ಎದೆ ಗುದ್ದುತ್ತ ಹೋದರೆ ನಮ್ಮ ಅಳಿಯನ ಗಾಡಿ ಯಾರೋ ಪಕ್ಕದ ಕೋಣೆಯಲ್ಲಿ ಗುನುಗಿದ ಹಾಗೆ ಹೋಗುತ್ತಿತ್ತು. ಶಿಫ್ಟು ಮುಗಿಸಿ ದಣಿದವರು ಆ ದನಿಗೆ ಹಾಗೇ ಮಲಗಿಬಿಡುವರು. ಕಮಲಾಪುರದಲ್ಲಿ ಇಳಿಯಬೇಕಾದವರು ಕಂಪ್ಲಿಯಲ್ಲಿ ಕಣ್ಣು ತೆರೆದು "ಇದ್ಯಾವ ಊರ್ರಿ?" ಎನ್ನುವರು. ಒಬ್ಬನ ಹೆಂಡತಿಯಂತೂ ರಸ್ತೆಗೇ ಬಂದು ನಿಂತು ಜಗಳ ತೆಗೆದಳು. "ನನ್ನ ಗಂಡನ್ನ ಮನಿಗೆ ಬಿಡ್ತೀಯೋ, ಜೋಗುಳ ಹಾಡಿ ನಿಮ್ಮನಿಗೆ ಒಯ್ತೀಯೋ?"

ಇಷ್ಟೆಲ್ಲ ನಕ್ಕವಳು ನಾನೇ. ಈಗ ನಗು ನಿಂತ ಸಂಗತಿ ಹೇಳುತ್ತೇನೆ.

ಮೊದಲ ಬಾಣಂತನಕ್ಕೆ ಮಗಳು ನಮ್ಮ ಮನೆಗೆ ಬಂದಳು. ಹೆಣ್ಣು ಕೂಸು! ದುಂಡು ಮುಖ, ಕೆನ್ನೆ ಎಂದರೆ ಬೆಣ್ಣೆ, ನಕ್ಕರೆ ಇಡೀ ಮನೆಗೆ ದೀಪ ಹಚ್ಚಿದ ಹಾಗೆ. ಅಜ್ಜಿಯಾದವಳು ಹೇಳುವುದನ್ನು ಅರ್ಧ ನಂಬಿ ಎನ್ನುತ್ತಾರೆ. ನೀವು ಪೂರ್ತಿ ನಂಬಿ!

ನಮ್ಮ ಮನೆ ಇರುವುದು ಸಂಡೂರಿನಿಂದ ಹೊಸಪೇಟೆಗೆ ಬರುವ ರಸ್ತೆಗೆ ಅಂಟಿಕೊಂಡು. ಹಗಲಿಲ್ಲ, ರಾತ್ರಿಯಿಲ್ಲ, ಅದಿರಿನ ಲಾರಿಗಳ ಸಾಲು. ಅಡುಗೆಮನೆಯ ನೆಲುವಿನ ಮೇಲಿನ ಪಾತ್ರೆಗಳು ದಿನವಿಡೀ ತಮ್ಮಷ್ಟಕ್ಕೆ ಕುಣಿಯುತ್ತಿದ್ದವು. ಗುಟ್ಟು ಹೇಳಬೇಕಾದರೂ ನಮ್ಮ ಮನೆಯಲ್ಲಿ ಕೂಗಿಯೇ ಹೇಳಬೇಕು. ರೂಢಿಯಾಗಿ ನಮಗೆ ಲಾರಿಯ ಸದ್ದೇ ಕೇಳುತ್ತಿರಲಿಲ್ಲ.

ಕೂಸಿಗೆ ಐದನೇ ತಿಂಗಳು. ಹಿಂದಿನ ಮನೆಯ ಗೌರಕ್ಕ ನೋಡಲು ಬಂದಿದ್ದಳು. ನನ್ನ ಕೈಯಿಂದ ಹಿತ್ತಾಳೆಯ ಕೊಡ ಜಾರಿ ತೊಟ್ಟಿಲ ಪಕ್ಕದಲ್ಲೇ ಢಣಾರನೆ ಬಿತ್ತು. ಗೌರಕ್ಕ ಹಾರಿಬಿದ್ದಳು. ಕೂಸು ತನ್ನ ಕಾಲಿನ ಹೆಬ್ಬೆರಳು ಹಿಡಿದುಕೊಂಡು ಹಾಯಾಗಿ ಮಲಗಿತ್ತು.

ಗೌರಕ್ಕ ನನ್ನ ಮುಖ ನೋಡಿದಳು. "ಯಕ್ಕಾ... ಕೂಸಿಗೆ ಕಿವಿ ಕೇಳ್ತಾವಿಲ್ಲ?"

ಅಲ್ಲಿಂದ ನಮ್ಮ ಮನೆಯಲ್ಲಿ ಶುರುವಾಯಿತು ನೋಡಿ ಪರೀಕ್ಷೆ! ನಾನು ತಟ್ಟೆ ಬಡಿದೆ. ನಮ್ಮ ಮನೆಯವರು ದೇವರ ಮುಂದಿನ ಜಾಗಟೆ ತಂದು ತೊಟ್ಟಿಲ ಹಿಂದೆ ನಿಂತು ಬಾರಿಸಿದರು. ಬೆಕ್ಕು ಮನೆ ಬಿಟ್ಟು ಓಡಿತು. ಹಿತ್ತಲಿನ ಎಮ್ಮೆ ಗೂಟ ಕಿತ್ತಿತು. ರಸ್ತೆಯಲ್ಲಿ ಹೋಗುವವರು "ಮನ್ಯಾಗ ಭಜನಿ ಐತೇನ್ರಿ?" ಎಂದು ಇಣುಕಿದರು. ಕೂಸು ಮಾತ್ರ ರೆಪ್ಪೆ ಬಡಿಯಲಿಲ್ಲ. ನಮ್ಮ ಮನೆಯವರು ಜಾಗಟೆ ಕೆಳಗಿಟ್ಟು, ಆಟೋ ತರಲು ಚಪ್ಪಲಿ ಮೆಟ್ಟಿದರು.

ಹೊಸಪೇಟೆಯ ಡಾಕ್ಟರಮ್ಮ ಕಿವಿ ನೋಡಿ, "ಹೆದರಬ್ಯಾಡ್ರಿ, ಬಳ್ಳಾರ್‍ಯಾಗ ಮಷೀನ್ ಹಚ್ಚಿ ನೋಡ್ತಾರ, ಕರ್ಕೊಂಡು ಹೋಗ್ರಿ" ಎಂದರು. ಮಗಳು ಜೋಗುಳ ಹಾಡುವುದನ್ನು ಬಿಟ್ಟಳು. ತೊಟ್ಟಿಲು ತೂಗುವಳು, ಬಾಯಿ ಮಾತ್ರ ತೆರೆಯಳು. "ಯಾರಿಗೆ ಹಾಡ್ಲಿ ಅವ್ವಾ?" ಎಂದಳು ಒಂದು ದಿನ.

ಬಳ್ಳಾರಿಗೆ ಹೊರಡುವ ಬೆಳಿಗ್ಗೆ ಅಳಿಯ ಗಾಡಿ ತಂದ. ಪೆಟ್ಟಿಗೆಗಳು ಸೀರೆ ಉಟ್ಟು ಹಿಂದೆ ಕುಳಿತೇ ಇದ್ದವು. ನನಗೆ ಉರಿಯಿತು. ಹೇಳಿಯೂಬಿಟ್ಟೆ. "ಅಳಿಯಂದ್ರ, ಕೂಸಿನ ಕಿವಿ ತೋರಿಸಾಕ ಹೊಂಟೀವಿ. ಇವತ್ತಾದ್ರೂ ಇವನ್ನ ಮನ್ಯಾಗ ಬಿಟ್ಟು ಬರಬಾರದಾಗಿತ್ತೇನ್ರಿ?"

ಅವನು ತಲೆ ತಗ್ಗಿಸಿದ. "ಕಂಪ್ಲಿ ಮ್ಯಾಲ ಹೋಗಾಮ್ರಿ ಅತ್ತಿ. ಆ ಕಡಿ ಲಾರಿ ಇರಂಗಿಲ್ಲ" ಎಂದನಷ್ಟೆ.

ಕಮಲಾಪುರ ದಾಟಿದ ಮೇಲೆ ಕಾಲುವೆಯ ಪಕ್ಕ ಗಾಡಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಬಾನೆಟ್ ಎತ್ತಿ ನೀರು ಹಾಕಿದ. ಎಡಕ್ಕೆ ಬಾಳೆ, ಬಲಕ್ಕೆ ಭತ್ತ. ಅಬ್ಬಾ, ಎಂಥ ಮೌನ! ನನ್ನ ಕಿವಿಯೇ ಹೋಯಿತೇನೋ ಎಂದು ಗಾಬರಿಯಾಯಿತು. ನಾನೂ ಮಗಳೂ ನಡುವಿನ ಸೀಟಿನಲ್ಲಿ. ಕೂಸು ತಾಯಿಯ ತೊಡೆಯ ಮೇಲೆ, ಮುಖ ಮುಂದಕ್ಕೆ. ಅಳಿಯ ಬಂದು ಕುಳಿತು, ಟೇಪಿನ ಬಟನ್ ಮುಟ್ಟಿದ. ಯಾವುದೋ ಕೊಳಲಿನ ಕ್ಯಾಸೆಟ್ಟು, ಎಷ್ಟು ಸಣ್ಣಗೆ ಎಂದರೆ, ಇದೆಯೋ ಇಲ್ಲವೋ ಎಂಬಷ್ಟು.

ಕೂಸು ಕೈ ಆಡಿಸುವುದನ್ನು ನಿಲ್ಲಿಸಿತು.

ನಿಧಾನವಾಗಿ ಕತ್ತು ಎಡಕ್ಕೆ ಹೊರಳಿಸಿ ಹಿಂದಿನ ಪೆಟ್ಟಿಗೆಯನ್ನು ಹುಡುಕಿತು.

"ಅವ್ವಾ!" ಎಂದಳು ಮಗಳು, ಉಸಿರೇ ಇಲ್ಲದ ದನಿಯಲ್ಲಿ.

ಅಳಿಯ ಕನ್ನಡಿಯಲ್ಲಿ ನೋಡುತ್ತಲೇ ಇನ್ನೊಂದು ಬಟನ್ ತಿರುಗಿಸಿದ. ಕೊಳಲು ಎಡ ಪೆಟ್ಟಿಗೆ ಬಿಟ್ಟು ಬಲ ಪೆಟ್ಟಿಗೆಗೆ ಬಂತು. ಕೂಸು ಅತ್ತ ಇತ್ತ ನೋಡಿ ಬಲಕ್ಕೆ ಹೊರಳಿತು! ಮತ್ತೆ ಎಡಕ್ಕೆ. ಮತ್ತೆ ಬಲಕ್ಕೆ. ನಾನು ಗಾಡಿಯೊಳಗೇ ಎದ್ದು ನಿಂತು ತಲೆಗೆ ಟಾಪು ಬಡಿಸಿಕೊಂಡೆ.

"ಜೋರು ಮಾಡ್ರಿ ಅಳಿಯಂದ್ರ! ಜೋರು ಮಾಡ್ರಿ!"

"ಬ್ಯಾಡ್ರಿ ಅತ್ತಿ. ಇನ್ನೂ ಸಣ್ಣದು ಮಾಡಿ ನೋಡ್ತೀನಿ" ಎಂದ. ಮಾಡಿದ. ನನಗೆ ಏನೂ ಕೇಳಲಿಲ್ಲ. ನನ್ನ ಮೊಮ್ಮಗಳಿಗೆ ಕೇಳಿತು!

ನಮ್ಮ ದಡ್ಡತನ ನೋಡಿ! ಹುಟ್ಟಿದಾಗಿನಿಂದ ಲಾರಿಯ ಗದ್ದಲವನ್ನೇ ಹೊದ್ದು ಮಲಗಿದ ಕೂಸು, ನಮ್ಮ ತಟ್ಟೆ ಜಾಗಟೆಗೆಲ್ಲ ಕ್ಯಾರೇ ಅಂದೀತೇ? ಅದೂ ಒಂದು ಲಾರಿ ಎಂದುಕೊಂಡಿರಬೇಕು. ಬಳ್ಳಾರಿಯ ಡಾಕ್ಟರೂ ಮಷೀನ್ ಹಚ್ಚಿ ನೋಡಿ, ನಮ್ಮ ಮನೆ ಎಲ್ಲಿದೆ ಎಂದು ಕೇಳಿ ತಿಳಿದು, ನಕ್ಕುಬಿಟ್ಟರು. "ಕಿವಿ ಭಾಳ ಚಲೋ ಅದಾವ. ಗದ್ದಲ ರೂಢಿ ಆಗೇತಿ ಅಷ್ಟ" ಎಂದರು. ನಾನು ಎದ್ದು ಕೈಮುಗಿದೆ. ಅಳಿಯ ಏಳಲೇ ಇಲ್ಲ. "ಡಾಕ್ಟ್ರ, ಎರಡೂ ಕಡಿ ಒಂದ ಸಮ ಕೇಳ್ತೈತೇನ್ರಿ?" ಎಂದು ಕೇಳಿದ. ಕೂಸು ಎಂದುಕೊಂಡನೋ, ಸ್ಪೀಕರು ಎಂದುಕೊಂಡನೋ!

ಮರಳಿ ಬರುವಾಗ ದಾರಿಯುದ್ದಕ್ಕೂ ಟೇಪು ಬಂದ್. ಮಗಳು ಎಷ್ಟೋ ದಿನಗಳ ನಿದ್ದೆ ಒಮ್ಮೆಲೇ ಬಂದವಳಂತೆ ನನ್ನ ಹೆಗಲಿಗೆ ಒರಗಿದ್ದಳು. ಕೂಸು ನನ್ನ ತೊಡೆಯ ಮೇಲೆ. ಮದುವೆಯಾದಾಗಿನಿಂದ ನನ್ನೆದುರು ನಾಲ್ಕು ಮಾತು ಕೂಡಿಸಿ ಆಡದ ಆ ಮನುಷ್ಯ ಮಾತಾಡುತ್ತಿದ್ದ. ನನ್ನ ಜೊತೆ ಅಲ್ಲ. "ಅದು ಬಾಳಿ ತ್ವಾಟ ಪುಟ್ಟವ್ವಾ. ಇದು ಕಾಲುವಿ, ನೀರು ಹೊಂಟೈತಿ ನೋಡು. ಅಗಾ, ಎಮ್ಮಿ ಬಂತು ಎಮ್ಮಿ, ದಾರಿ ಬಿಡಾಮ. ನಿಮ್ಮವ್ವ ಮಲಗ್ಯಾಳ, ಮಲಗ್ಲಿ. ಭಾಳ ಅತ್ತಾಳ ಆಕಿ..." ಕೂಸು ಕಣ್ಣರಳಿಸಿ ಮುಂದಿನ ಸೀಟಿನ ಕಡೆಗೇ ನೋಡುತ್ತಿತ್ತು.

ಇವನ ಗಂಟಲು ಒಣಗಿತೇನೋ ಎಂದು ನಾನೇ ಹೇಳಿದೆ, "ಬೆಳಿಗ್ಗೆ ಏನೇನೋ ಅಂದೆ, ಬ್ಯಾಸರ ಮಾಡ್ಕೋಬ್ಯಾಡ್ರಿ. ಹಾಡು ಹಚ್ರಿ ಅಳಿಯಂದ್ರ."

ಕನ್ನಡಿಯಲ್ಲಿ ಅವನ ಕಣ್ಣು ತುಂಬಿದ್ದು ಕಂಡಿತು.

"ಬ್ಯಾಡ್ರಿ ಅತ್ತಿ," ಎಂದ. "ಈಕಿ ನನ್ನ ಮಾತು ಕೇಳಾಕತ್ಯಾಳ."