ಬಾಗಿಲು ಮುಚ್ಚಿ ಕೇಳಿದ ಸದ್ದು

ಆ ಶನಿವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ನನ್ನ ಕೈಯಾರೆ ಗ್ಯಾರೇಜಿನ ಬಾಗಿಲನ್ನು ಕೆಳಗೆಳೆದು ಮುಚ್ಚಿದೆ. ಎಲ್ಲ ಕೆಟ್ಟದ್ದು ಅಲ್ಲಿಂದ. ಗಳಿಗೆ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ನನ್ನ ಹೆಂಡತಿ ಶೋಭಾ ಕಾರಣ. "ರಾಹುಕಾಲ ಮುಗಿಯಲಿಕ್ಕೆ ಇನ್ನೂ ಹತ್ತು ನಿಮಿಷ ಉಂಟು, ಸ್ವಲ್ಪ ತಡೀರಿ" ಎಂದು ಅವಳು ಅಡುಗೆಮನೆಯಿಂದ ಕೂಗಿದ್ದಳು. ನಾನು ಇಂಜಿನಿಯರಿಂಗ್ ಓದಿದವನಲ್ಲವೇ? ರಾಹುಕಾಲದ ಲೆಕ್ಕ ಶುರುವಾಗುವುದೇ ಸೂರ್ಯೋದಯದಿಂದ, ನಿನ್ನ ಕ್ಯಾಲೆಂಡರಿನಲ್ಲಿರುವುದು ಉಡುಪಿಯ ಸೂರ್ಯ, ಅವನಿಗೂ ಸ್ವೀಡನ್ನಿಗೂ ಏನೂ ಸಂಬಂಧವಿಲ್ಲ ಎಂದು ವಾದಿಸಿ ಗೆದ್ದೆ. ಆಮೇಲೆ ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕದ ಮುಖವಾಡ ಹಾಕಿಕೊಂಡು ಮಲಗಿದ್ದಾಗ, ಬೇರೆ ಕೆಲಸವಿಲ್ಲದೆ ಆ ಲೆಕ್ಕವನ್ನು ಪೂರ್ತಿ ಮಾಡಿ ನೋಡಿದೆ. ಅಕ್ಟೋಬರಿನಲ್ಲಿ ತಡವಾಗಿ ಏಳುವ ಇಲ್ಲಿನ ಸೂರ್ಯನ ಪ್ರಕಾರ ಆಗ ರಾಹುಕಾಲ ಮುಗಿಯುವುದಿರಲಿ, ಆಗಷ್ಟೇ ಶುರುವಾಗಿತ್ತು. ನಾನು ಗೆದ್ದ ವಾದಗಳ ಬಗ್ಗೆ ನನಗೆ ಅಂದಿನಿಂದ ಒಂದು ರೀತಿಯ ನಡುಕವಿದೆ.

ನನ್ನ ಉದ್ಯೋಗವನ್ನು ಹೇಳಿಕೊಳ್ಳದಿದ್ದರೆ ಈ ಕತೆಯ ನಾಚಿಕೆಗೇಡು ಪೂರ್ತಿ ಅರ್ಥವಾಗುವುದಿಲ್ಲ. ಇಲ್ಲಿನ ಸೋಡರ್‌ಟೆಲ್ಯೆ ಎಂಬ ಊರಿನ ಕಾರ್ಖಾನೆಯಲ್ಲಿ ದೊಡ್ಡ ದೊಡ್ಡ ಲಾರಿಗಳ ಸದ್ದು ಕಡಿಮೆ ಮಾಡುವುದು ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಎಲ್ಲಿ ಗುಂಯ್‌ಗುಡುತ್ತದೆ, ಎಲ್ಲಿ ಗಡಗಡ ಎನ್ನುತ್ತದೆ ಎಂದು ಹುಡುಕಿ ಅದರ ಬಾಯಿ ಮುಚ್ಚಿಸುತ್ತೇನೆ. ಊರಿನಲ್ಲಿ ಅಮ್ಮ ಯಾರಿಗೋ ಹೇಳುತ್ತಿದ್ದಳಂತೆ, "ಅವನಿಗೆ ಅಲ್ಲಿ ಸುಮ್ಮನಿರಿಸುವ ಕೆಲಸ. ಸಂಬಳವೂ ಕೊಡ್ತಾರೆ." ನಮ್ಮ ಪ್ರಯೋಗಶಾಲೆಯಲ್ಲಿ ಇಂಜಿನ್ ಶುರು ಮಾಡುವ ಮೊದಲು ಹೊಗೆಯ ಕೊಳವೆಗೆ ಆನೆಯ ಸೊಂಡಿಲಿನಂಥ ಇನ್ನೊಂದು ಕೊಳವೆ ಸಿಕ್ಕಿಸಿ ಹೊಗೆಯನ್ನು ಕಟ್ಟಡದ ಆಚೆ ಕಳಿಸಲೇಬೇಕು. ಹೊಸದಾಗಿ ಸೇರಿದವರಿಗೆ ಈ ಪಾಠ ಹೇಳುವವನು ನಾನೇ. ಸ್ಲೈಡುಗಳಿವೆ. ಒಂದರಲ್ಲಿ ತಲೆಬುರುಡೆಯ ಚಿತ್ರವೂ ಇದೆ.

ಇಂಥ ಶಾಂತಮೂರ್ತಿಯ ಗ್ಯಾರೇಜಿಗೆ ಅರವತ್ತೊಂಬತ್ತರ ಮಾಡೆಲ್ಲಿನ, ಎಂಟು ಸಿಲಿಂಡರಿನ, ಕೆಂಪು ಬಣ್ಣದ ಅಮೆರಿಕನ್ ಕಾರನ್ನು ತಂದು ನಿಲ್ಲಿಸಿದವರು ಶೋಭಾಳ ಅಣ್ಣ ಸದಾನಂದ. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಭಾವ ಉಪ್ಸಾಲಾದಲ್ಲಿ ಔಷಧಿ ಸಂಶೋಧನೆ ಮಾಡುತ್ತಾರೆ, ಸೈಕಲಿನಲ್ಲಿ ಓಡಾಡುತ್ತಾರೆ, ಹಾಲಿನ ಪ್ಯಾಕೆಟ್ಟಿನ ಮೇಲಿನ ಅಕ್ಷರಗಳನ್ನು ಓದದೆ ಹಾಲು ಕುಡಿಯುವುದಿಲ್ಲ. ಇಂಥವರು ಬೇಸಿಗೆಯಲ್ಲಿ ಒಮ್ಮೆ ಹಳ್ಳಿಯೊಂದರ ಕಾರುಗಳ ಸಂತೆಗೆ ಹೋಗಿ ಇದನ್ನು ಕೊಂಡುಬಂದರು. ಸ್ವೀಡನ್ನಿನವರಿಗೆ ಈ ಹಳೆಯ ಅಮೆರಿಕನ್ ಕಾರುಗಳ ಹುಚ್ಚು ಎಷ್ಟೆಂದರೆ, ಬಸ್ಸಿನಲ್ಲಿ ಪಕ್ಕದ ಸೀಟಿಗೆ ಕೂರಲೂ ಸಂಕೋಚಪಡುವ ಈ ಜನ ಬೇಸಿಗೆಯ ಸಂಜೆ ಅವುಗಳಲ್ಲಿ ಕೂತು ಊರೆಲ್ಲ ಅದುರುವಂತೆ ಸುತ್ತುತ್ತಾರೆ. ಭಾವನ ಅಪಾರ್ಟ್‌ಮೆಂಟಿನಲ್ಲಿ ಸೈಕಲ್ ಇಡಲು ಮಾತ್ರ ಜಾಗ. ಹಾಗಾಗಿ ಕಾರು ನಮ್ಮಲ್ಲಿಗೆ ಬಂತು. ಅವರು ವಾರ ವಾರ ಟ್ರೈನು ಹತ್ತಿ, ಮದುವೆಯಾದ ಮಗಳನ್ನು ನೋಡಲು ಬಂದ ತಂದೆಯ ಹಾಗೆ ಅದನ್ನು ನೋಡಲು ಬರುತ್ತಿದ್ದರು.

ಕಾರಿನ ಸೈಲೆನ್ಸರು ತುಕ್ಕು ಹಿಡಿದು ಉದುರಿಹೋಗಿತ್ತು. ಹೊಸದು ಹಾಕಬೇಕು. ಯಾವುದು? ಇಲ್ಲಿಂದ ನಮ್ಮ ಸಂಸಾರದಲ್ಲಿ ಮಾತುಕತೆ ಎಂಬುದೇ ಬದಲಾಯಿತು. ಈ ಕಾರುಗಳಿಗೆ ಸೈಲೆನ್ಸರ್ ಎಂದರೆ ಸದ್ದಡಗಿಸುವ ಡಬ್ಬ ಅಲ್ಲ, ಕಂಠ. ಒಂದರ ಒಳಗೆ ಗೋಡೆಗಳಿರುತ್ತವೆ, ಸದ್ದು ಅವಕ್ಕೆ ಬಡಿದು ಬಡಿದು ಒರಟಾಗಿ ಹೊರಬರುತ್ತದೆ. ಇನ್ನೊಂದರಲ್ಲಿ ಹೊಗೆ ಸುತ್ತು ಹಾಕಿ ಸಾಧುವಾಗಿ ಬರುತ್ತದೆ. ಮತ್ತೊಂದು ನೇರ ಕೊಳವೆ, ಸುತ್ತ ಹತ್ತಿಯಂಥ ಗಾಜಿನ ನಾರು. ಅದರಿಂದ ಬರುವ ಸದ್ದಿಗೆ ತಳವೇ ಇಲ್ಲ. ಭಾವ ಇಂಟರ್ನೆಟ್ಟಿನಿಂದ ಸದ್ದುಗಳನ್ನು ಇಳಿಸಿಕೊಂಡು ಬಂದು ನಮ್ಮ ಕಂಪ್ಯೂಟರಿನಲ್ಲಿ ಹಾಕುವರು. ನಾವು ಮೂವರೂ ಕಣ್ಣು ಮುಚ್ಚಿ, ಹೆಣ್ಣು ನೋಡಲು ಹೋದಲ್ಲಿ ಹಾಡು ಕೇಳುವವರ ಹಾಗೆ ಕೂರುವೆವು.

"ಇದು ರೈಸ್ ಮಿಲ್ಲು" ಎನ್ನುವಳು ಶೋಭಾ.

"ಇದು?"

"ಇದೂ ರೈಸ್ ಮಿಲ್ಲೇ. ಬೆಲ್ಟು ಸಡಿಲ ಆದದ್ದು."

"ನಿನಗೆ ಕಿವಿ ಇಲ್ಲ ಮಾರಾಯ್ತಿ" ಎಂದು ಭಾವ ನನ್ನ ಕಡೆ ತಿರುಗುವರು. "ಭಾವ, ನೀವು ಹೇಳಿ. ಮಲ್ಪೆಯಲ್ಲಿ ಮೀನಿನ ಬೋಟು ವಾಪಸ್ ಬರ್ತದಲ್ಲ, ಇನ್ನೂ ಕಣ್ಣಿಗೆ ಕಾಣುವುದಿಲ್ಲ, ಮೊದಲು ಎದೆಗೆ ಗೊತ್ತಾಗ್ತದೆ. ಅಪ್ಪನ ಬೋಟು ಯಾವುದಂತ ನಾನು ಬೋಟು ಕಟ್ಟುವ ದಕ್ಕೆಯಲ್ಲಿ ನಿಂತು ಸದ್ದಲ್ಲೇ ಹೇಳ್ತಿದ್ದೆ. ನನಗೆ ಅದು ಬೇಕು."

ಅಲ್ಲಿಗೆ ನನ್ನ ಇಂಜಿನಿಯರಿಂಗ್ ಸೋತಿತು. ಆದರೂ ನಾನು ಸುತ್ತು ಹಾಕಿ ಬರುವ ಸಾಧು ಸೈಲೆನ್ಸರಿನ ಪಕ್ಷದಲ್ಲೇ ನಿಂತೆ. ಕಾರಣ ಪಕ್ಕದ ಮನೆಯ ಲೆನ್ನಾರ್ಟ್. ಲೆನ್ನಾರ್ಟ್ ನಿವೃತ್ತರು, ಒಂಟಿ. ಜೀವನವಿಡೀ ಚರ್ಚಿನಲ್ಲಿ ದೊಡ್ಡ ಕೊಳವೆಗಳ ಆರ್ಗನ್ ವಾದ್ಯ ನುಡಿಸಿದವರು. ನಾವು ಈ ಮನೆಗೆ ಬಂದ ಹೊಸತರಲ್ಲಿ ಒಮ್ಮೆ ಬೇಲಿಯ ಹತ್ತಿರ ಬಂದು, ಕೈ ಹಿಂದೆ ಕಟ್ಟಿಕೊಂಡು, "ನಿಮ್ಮ ರುಬ್ಬುವ ಯಂತ್ರ ಭಾನುವಾರ ಬೆಳಿಗ್ಗೆ ನನ್ನ ಅಡುಗೆಮನೆಗೆ ಚೆನ್ನಾಗಿ ಕೇಳಿಸುತ್ತದೆ" ಎಂದಿದ್ದರು. ಅಷ್ಟೇ. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಸ್ವೀಡನ್ನಿನವರು ಬಯ್ಯುವುದು ಹೀಗೇ ಇರಬೇಕು ಎಂದು ನಾವು ರಾತ್ರಿಯೆಲ್ಲ ಚರ್ಚಿಸಿ ತೀರ್ಮಾನಿಸಿದೆವು. ಅಂದಿನಿಂದ ಶೋಭಾ ಮಿಕ್ಸಿಗೆ ದಪ್ಪ ಟವೆಲ್ ಹೊದೆಸಿ, ಜ್ವರ ಬಂದ ಮಗುವಿನಂತೆ ತಬ್ಬಿಕೊಂಡು ಚಟ್ನಿ ರುಬ್ಬುತ್ತಿದ್ದಳು. ಮಿಕ್ಸಿಯನ್ನೇ ಸಹಿಸದ ಮನುಷ್ಯ ಎಂಟು ಸಿಲಿಂಡರ್ ಸಹಿಸುವರೇ?

ಭಾವ ಸೈಲೆನ್ಸರಿನ ಎರಡು ಜೋಡಿ ತರಿಸಿದರು, ಸಾಧುವಿನದೊಂದು, ನೇರ ಕೊಳವೆಯದೊಂದು. ಹಾಕಿ ಕೇಳಿ ಒಂದನ್ನು ಇಟ್ಟುಕೊಳ್ಳುವುದು, ಇನ್ನೊಂದನ್ನು ವಾಪಸ್ ಮಾಡುವುದು. ಆ ವಾರಾಂತ್ಯವೇ ಆಯುಧಪೂಜೆ ಇಟ್ಟುಕೊಂಡಿದ್ದೆವು. ಸರಿ, ನೇರ ಕೊಳವೆ ಜೋಡಿಸಿ, ಕಾರಿಗೆ ಪೂಜೆ ಮಾಡಿ, ಶುಭ ಗಳಿಗೆಯಲ್ಲಿ ಕಂಠ ಕೇಳುವುದು ಎಂದಾಯಿತು. ಬೂದುಗುಂಬಳ ಸಿಗಲಿಲ್ಲ. ಆದರೆ ಅಕ್ಟೋಬರಿನಲ್ಲಿ ಇಲ್ಲಿನ ಅಂಗಡಿಗಳಲ್ಲಿ ಭೂತದ ಮುಖ ಕೊರೆಯಲು ಕಿತ್ತಳೆ ಬಣ್ಣದ ಕುಂಬಳ ಮಾರುತ್ತಾರೆ, ಅದಕ್ಕೇ ಕುಂಕುಮ ಹಚ್ಚಿದೆವು. ಚಕ್ರಗಳ ಕೆಳಗೆ ನಿಂಬೆಹಣ್ಣು. ಹೊಗೆಗೆ ಕಿರುಚುತ್ತದೆಂದು ಗ್ಯಾರೇಜಿನ ಅಲಾರಮ್ಮನ್ನು ಕಳಚಿ ಒಳಗಿಟ್ಟೆವು. ಊರಿಂದ ತಂದ ಊದುಬತ್ತಿ ಅರ್ಧ ಕಟ್ಟು ಹಚ್ಚಿದೆವು, ಕರ್ಪೂರ ಬೆಳಗಿದೆವು. ಕಾಲು ಕೊರೆಯುವ ಚಳಿ. ಹೊರಗೆ ಲೆನ್ನಾರ್ಟ್ ಎಲೆ ಗುಡಿಸುತ್ತಿದ್ದರು. "ಭಾವ, ಅವರಿಗೆ ಕೇಳಿಸ್ತದೆ" ಎಂದೆ. "ಹಾಗಾದರೆ ಬಾಗಿಲು ಹಾಕಿಬಿಡಿ, ಎರಡು ನಿಮಿಷದ ಕೆಲಸ" ಎಂದರು. ಹಾಕಿದೆ.

ನಾನು ಸ್ಟೇರಿಂಗಿನ ಹಿಂದೆ, ಭಾವ ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಕೊಳವೆಯ ಹತ್ತಿರ ಕಿವಿ ಇಟ್ಟಿದ್ದಾರೆ. ಕೀ ತಿರುಗಿಸಿದೆ. ಅಯ್ಯೋ, ಆ ಸದ್ದನ್ನು ಹೇಗೆ ಹೇಳಲಿ! ಮೊದಲು ಒಂದು ಗುಡುಗು, ಆಮೇಲೆ ಧಡ್ ಧಡ್ ಧಡ್ ಎಂದು ನಿಧಾನದ ನಡಿಗೆ. ಕುಂಬಳದ ಮೇಲಿನ ಕುಂಕುಮ ಸಣ್ಣಗೆ ಕುಣಿಯುತ್ತಿತ್ತು. ಹತ್ತು ವರ್ಷ ಸದ್ದನ್ನು ಶತ್ರುವೆಂದು ತಿಳಿದ ನನ್ನ ಬೆನ್ನಹುರಿಯಲ್ಲಿ ಏನೋ ಜುಮ್ಮೆಂದು ಹತ್ತಿ ಹೋಯಿತು. "ಇನ್ನೊಂಚೂರು ಕೊಡಿ!" ಎಂದು ಭಾವ ಕೂಗಿದರು. ಕೊಟ್ಟೆ. "ಬಂತು ಭಾವ! ಬೋಟು ಬಂತು!" ಇನ್ನೊಮ್ಮೆ ಕೊಟ್ಟೆ. ಎರಡು ನಿಮಿಷ ಎಂದದ್ದು ಇಬ್ಬರಿಗೂ ಮರೆತುಹೋಯಿತು. ಸ್ವಲ್ಪ ತಲೆನೋವು ಬಂತು. ಬೆಳಗಿನಿಂದ ಉಪವಾಸ, ಮೇಲೆ ಊದುಬತ್ತಿಯ ಘಾಟು ಎಂದುಕೊಂಡೆ. ಹೊಗೆಯ ವಾಸನೆ ಬರಲೇ ಇಲ್ಲ. ಗ್ಯಾರೇಜೆಲ್ಲ ದೇವರಮನೆಯ ಪರಿಮಳ. ಕನ್ನಡಿಯಲ್ಲಿ ನೋಡಿದರೆ ಭಾವ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಾರೆ, ತಲೆ ಒಂದು ಕಡೆ ವಾಲಿದೆ, ಮುಖದಲ್ಲಿ ಪರಮ ತೃಪ್ತಿ. ಆಹಾ, ಎಂಥ ರಸಿಕ ಎಂದುಕೊಂಡು ಇನ್ನೂ ಒಂದು ಸಲ ಒತ್ತಿದೆ. ಈ ಒಂದು ಸಲ ಒತ್ತಿದ್ದು ನನಗೆ ಇಂದಿಗೂ ಕಾಲಿನ ಹೆಬ್ಬೆರಳಿನಲ್ಲಿ ನೆನಪಾಗುತ್ತದೆ. "ಭಾವ, ಸಾಕಾ?" ಎಂದೆ. ಮತ್ತೆ ಕರೆದೆ, "ಭಾವ?" ಆಗ ತಲೆಬುರುಡೆಯ ಆ ಸ್ಲೈಡು ಕಣ್ಣ ಮುಂದೆ ಬಂತು. ಇಳಿಯಲು ಕಾಲೆತ್ತಿದೆ, ಕಾಲು ಬೇರೆ ಯಾರದೋ ಆಗಿತ್ತು. ಕೀ ಎಲ್ಲಿದೆಯೆಂದು ಗೊತ್ತು, ಕೈ ಅಲ್ಲಿಗೆ ಹೋಗುತ್ತಿಲ್ಲ.

ಆಗ ಬಾಗಿಲು ಕಿರ್ರೆಂದು ಮೇಲೆದ್ದಿತು. ಬೆಳಕಿನಲ್ಲಿ ಎಲೆ ಗುಡಿಸುವ ಪೊರಕೆ ಹಿಡಿದು ಲೆನ್ನಾರ್ಟ್ ನಿಂತಿದ್ದರು. ಮಹಾ ಸಿಟ್ಟಿನಲ್ಲಿದ್ದರು. "ಯಾಕೆ ಬಾಗಿಲು ಮುಚ್ಚಿದಿರಿ? ಕೆಳಗಿನ ಸ್ವರವೇ ನನಗೆ ಕೇಳಿಸುತ್ತಿಲ್ಲ!" ಆಮೇಲೆ ಅವರ ಕಣ್ಣು ಭಾವನ ಮೇಲೆ ಬಿತ್ತು. ಪೊರಕೆ ಎಸೆದು ಉಸಿರು ಬಿಗಿಹಿಡಿದು ಒಳನುಗ್ಗಿ ಇಂಜಿನ್ ಆರಿಸಿದರು. ಭಾವನ ಎರಡೂ ಕಾಲು ಹಿಡಿದು ಒದ್ದೆ ಎಲೆಗಳ ಮೇಲೆ ಎಳೆದುಹಾಕಿದರು, ನನ್ನನ್ನು ಕಾಲರು ಹಿಡಿದು. ಶೋಭಾ ಕೋಸಂಬರಿಯ ಬಟ್ಟಲು ಹಿಡಿದೇ ಓಡಿಬಂದು ಅಣ್ಣನ ಕೆನ್ನೆಗೆ ಬಡಿಯುತ್ತಿದ್ದಳು. "ಅಣ್ಣಾ, ಕಣ್ಣು ಬಿಡು! ರೈಸ್ ಮಿಲ್ಲು ಅನ್ನುವುದಿಲ್ಲ ಅಣ್ಣಾ, ಕಣ್ಣು ಬಿಡು!" ಅವರು ಕಣ್ಣು ಬಿಟ್ಟದ್ದು ಆಂಬುಲೆನ್ಸಿನ ಸೈರನ್ ಕೇಳಿದ ಮೇಲೆ. "ಇದು ಬೇಡ ಭಾವ, ತುಂಬ ಕೀರಲು" ಎಂದರಂತೆ.

ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಮರ್ಯಾದೆ ಹೋಯಿತು. ಇಬ್ಬರು ಗಂಡಸರು, ಮುಚ್ಚಿದ ಗ್ಯಾರೇಜು, ಓಡುತ್ತಿರುವ ಇಂಜಿನ್. ಮೃದುವಾದ ದನಿಯ ಮನೋವೈದ್ಯೆಯೊಬ್ಬರು ನಮಗೆ ಕಾಫಿ ತಂದುಕೊಟ್ಟು, ಒಬ್ಬೊಬ್ಬರನ್ನೇ ಕರೆದು, ಬದುಕು ಇತ್ತೀಚೆಗೆ ಭಾರ ಅನಿಸುತ್ತಿದೆಯೇ ಎಂದು ಕೇಳಿದರು. ಇಲ್ಲ, ನಾವು ಕಾರಿಗೆ ಪೂಜೆ ಮಾಡುತ್ತಿದ್ದೆವು ಎಂದೆ. ಕುಂಬಳಕಾಯಿ, ಕರ್ಪೂರದ ಬೆಂಕಿ, ಚಕ್ರದ ಕೆಳಗಿನ ನಿಂಬೆಹಣ್ಣು, ಎಲ್ಲವನ್ನೂ ನನ್ನ ಸ್ವೀಡಿಷ್‌ನಲ್ಲಿ ವಿವರಿಸಿದೆ. ಆಕೆ ತಲೆಯಾಡಿಸುತ್ತ ಕೇಳಿ, ಇನ್ನೂ ಮೃದುವಾದ ದನಿಯಲ್ಲಿ, ಮುಂದಿನ ವಾರವೂ ಬಂದು ಮಾತಾಡಬಹುದು ಎಂದರು. ಉದ್ಯೋಗವೇನೆಂದು ಕೇಳಿದಾಗ ಮಾತ್ರ "ಆಫೀಸು ಕೆಲಸ" ಎಂದುಬಿಟ್ಟೆ.

ಭಾವ ಮೂರನೆಯ ದಿನಕ್ಕೆ ಎದ್ದು ಓಡಾಡಿದರು. ನಿದ್ದೆ ಕೆಟ್ಟದ್ದು ನನಗೆ. ಸ್ವೀಡನ್ನಿನ ರಾತ್ರಿಯ ಮೌನವನ್ನು ನಾನು ಊರಿಗೆ ಹೋದಾಗಲೆಲ್ಲ ಹೊಗಳುತ್ತಿದ್ದೆ. ಈಗ ಅದೇ ಮೌನದಲ್ಲಿ "ಭಾವ, ಸಾಕಾ?" ಎಂಬ ನನ್ನ ದನಿ, ಆಮೇಲೆ ಬಾರದ ಉತ್ತರ. ಪ್ರತಿ ರಾತ್ರಿ ಎದ್ದು ಶೋಭಾಳ ಮೂಗಿನ ಹತ್ತಿರ ಕೈ ಹಿಡಿದು ನೋಡುವೆ. "ಉಂಟು, ಉಸಿರು ಉಂಟು, ಮಲಗಿ" ಎನ್ನುವಳು ಕಣ್ಣು ಬಿಡದೆ. ಉಪ್ಸಾಲಾಕ್ಕೆ ಫೋನ್ ಮಾಡಿ ಭಾವನನ್ನು ಎಬ್ಬಿಸಿ, "ಏನಿಲ್ಲ, ಸುಮ್ಮನೆ" ಎನ್ನುವೆ.

ಭಾವನಿಗೆ ಹೆದರಿಕೆ ಬೇರೆ ರೀತಿ. "ಸಾಧುವಿನದನ್ನೇ ಹಾಕುವ ಭಾವ. ಇಲ್ಲ, ಕಾರನ್ನೇ ಮಾರಿಬಿಡುವ." ಇದನ್ನು ಕೇಳಿ ಕುರ್ಚಿಯಿಂದ ಎದ್ದುನಿಂತವನು ನಾನು! ಸದ್ದಿನ ಕಡುವೈರಿಯಾದ ನಾನು ಮೇಜು ಕುಟ್ಟಿ ಹೇಳಿದೆ, "ಆ ಸದ್ದು ಇದ್ದದ್ದಕ್ಕೆ ಲೆನ್ನಾರ್ಟ್ ಕೇಳ್ತಾ ನಿಂತದ್ದು. ಸಾಧುವಿನದನ್ನು ಹಾಕಿದ್ದರೆ ಅವರಿಗೇನೂ ಕೇಳಿಸ್ತಿರಲಿಲ್ಲ. ನಾವಿಬ್ಬರೂ ಸಾಧುವಾಗಿ ಹೋಗ್ತಿದ್ದೆವು." ಕೊನೆಗೆ ಹಿಮ ಕರಗಿದ ಮೇಲೆ ಲೆನ್ನಾರ್ಟರನ್ನೇ ತೀರ್ಪಿಗೆ ಕರೆದೆವು. ಬಯಲಿನಲ್ಲಿ, ಆಕಾಶದ ಕೆಳಗೆ, ಅವರಿಗೊಂದು ಕುರ್ಚಿ ಹಾಕಿ, ಶೋಭಾ ಮಾಡಿದ ನೀರುದೋಸೆ ಕೈಗೆ ಕೊಟ್ಟು, ಎರಡೂ ಜೋಡಿಯನ್ನು ಹಾಕಿ ಕೇಳಿಸಿದೆವು. ಸಾಧುವಿನದಕ್ಕೆ ಅವರು ದೋಸೆ ತಿನ್ನುವುದನ್ನು ನಿಲ್ಲಿಸಲಿಲ್ಲ. ನೇರ ಕೊಳವೆಗೆ ತಟ್ಟೆ ಕೆಳಗಿಟ್ಟು ಕಣ್ಣು ಮುಚ್ಚಿದರು. "ಆರ್ಗನ್ನಿನ ಅತಿ ಉದ್ದದ ಕೊಳವೆ ಕಿವಿಗಲ್ಲ, ನೆಲಕ್ಕೆ ನುಡಿಯುತ್ತದೆ. ಇದೇ ಇರಲಿ" ಎಂದರು. ಭಾವ ಲೆನ್ನಾರ್ಟರ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಹೊರಡುವಾಗ ಅವರು ಶೋಭಾಳನ್ನು ಕೇಳಿದರು, "ಆ ರುಬ್ಬುವ ಯಂತ್ರ ಕೆಟ್ಟುಹೋಯಿತೇ? ಭಾನುವಾರ ಅದು ಕೇಳಿದರೆ ಪಕ್ಕದಲ್ಲಿ ಜನ ಇದ್ದಾರೆ ಎಂದು ನಾನು ಕಾಫಿಗೆ ನೀರಿಡುತ್ತಿದ್ದೆ."

ಜೂನಿನಲ್ಲಿ ಮಿಡ್‌ಸಮರ್ ಹಬ್ಬ ಬಂತು. ಭಾವ ಕಾರು ತೆಗೆದುಕೊಂಡು ಸಂಜೆ ಸುತ್ತಲು ಹೊರಟರು. ಊರಿನ ಹಳೆಯ ಕಾರುಗಳೆಲ್ಲ ಬೀದಿಗಿಳಿದಿದ್ದವು. ನಾನು ಮಲಗಿದ್ದ ಕೋಣೆಯ ಕಿಟಕಿಗಳೆಲ್ಲ ತೆರೆದಿದ್ದವು, ಹೊರಗೆ ಕತ್ತಲಾಗದ ಆಕಾಶ. ದೂರದಲ್ಲಿ ಹತ್ತಾರು ಇಂಜಿನ್ನುಗಳ ಗದ್ದಲದ ನಡುವೆ ನಮ್ಮದು ಧಡ್ ಧಡ್ ಎಂದು ಬೇರೆಯಾಗಿ ಕೇಳುತ್ತಿತ್ತು. ಬೋಟು ದಕ್ಕೆಗೆ ಬಂತು ಎಂದುಕೊಂಡು ದಿಂಬಿಗೆ ತಲೆಯಿಟ್ಟದ್ದಷ್ಟೇ ನೆನಪು. ಎದ್ದಾಗ ಬೆಳಗಾಗಿ ಎಷ್ಟೋ ಹೊತ್ತಾಗಿತ್ತು, ಭಾವ ಅಡುಗೆಮನೆಯಲ್ಲಿ ಹಾಲಿನ ಪ್ಯಾಕೆಟ್ ಓದುತ್ತಿದ್ದರು.

ಹೆಮ್ಮೆಯಿಂದ ಅಂಗಳಕ್ಕೆ ಬಂದೆ. ಬೇಲಿಯಾಚೆ ಲೆನ್ನಾರ್ಟ್ ಕೆಂಪು ಕಣ್ಣು ಮಾಡಿಕೊಂಡು ಕಾಫಿ ಕುಡಿಯುತ್ತಿದ್ದರು. ನಾನು ಪೂರ್ತಿ ರಾತ್ರಿ ನಿದ್ದೆ ಮಾಡಿದೆ ಎಂದು ಹೇಳಿದೆ.

"ಗೊತ್ತು" ಎಂದರು. "ನಿಮ್ಮ ಕಿಟಕಿ ತೆರೆದಿತ್ತು. ನಿಮ್ಮ ಗೊರಕೆಗೆ ಕೆಳಗಿನ ಸ್ವರ ಚೆನ್ನಾಗಿದೆ, ಯಾವ ಸೈಲೆನ್ಸರೂ ಇಲ್ಲ. ಆದರೆ ನಡುನಡುವೆ ನಿಂತುಬಿಡುತ್ತಿತ್ತು. ನಿಂತಾಗಲೆಲ್ಲ ನಾನು ಎದ್ದು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ."