ಸಿಡ್ನಿ ಪಿಜ್ಜಾ, ವೆರಿಬಿ ಪಿಜ್ಜಾ ಮತ್ತು ಹೆತ್ತ ತಾಯಿಯ ಮನವಿ

ಇಂದ:
ಶ್ರೀಮತಿ ಅನಸೂಯಾ,
ನಿವೃತ್ತ ಅಧೀಕ್ಷಕಿ, ಉಪನೋಂದಣಾಧಿಕಾರಿಗಳ ಕಚೇರಿ, ಮೈಸೂರು.
ಹಾಲಿ ವಾಸ: ಮಗನ ಮನೆಯ ಹಿಂದಿನ ಕೋಣೆ (ಲಾಂಡ್ರಿ ಪಕ್ಕ), ಪಾಯಿಂಟ್ ಕುಕ್, ಮೆಲ್ಬರ್ನ್.

ಗೆ:
ಚಿ. ಆದರ್ಶ್,
ಮನೆಯ ಯಜಮಾನರು (ಮಾರ್ಟ್‌ಗೇಜ್ ಪತ್ರದ ಪ್ರಕಾರ), ಅದೇ ವಿಳಾಸ.

ಮೂಲಕ:
ಸೌ. ವಂದನಾ,
ಮನೆಯ ಯಜಮಾನರು (ವಾಸ್ತವದಲ್ಲಿ).

ವಿಷಯ: ಅತ್ಯುತ್ತಮ ಪಿಜ್ಜಾ ಸಿಡ್ನಿಯದೋ ನಮ್ಮ ವೆರಿಬಿಯದೋ ಎಂಬ ವಿವಾದ, ಹಾಗೂ ಸದರಿ ವಿವಾದದಿಂದ ಉದ್ಭವಿಸಿದ ಇತರೆ ಪರಿಣಾಮಗಳಿಗೆ ಘಟನೋತ್ತರ ಅನುಮೋದನೆ ಕೋರಿ.

ಉಲ್ಲೇಖ: 1) ಪಿಜ್ಜಾ ಅಂಗಡಿಯ ಬಾಗಿಲಲ್ಲಿ ನಿಂತು ತಾವು ನೀಡಿದ "ಅಮ್ಮಾ?" ಎಂಬ ಮೌಖಿಕ ನೋಟಿಸು.
2) ಅಂದಿನಿಂದ ಇಂದಿನವರೆಗಿನ ತಮ್ಮ ಮೌನ.

ಮಾನ್ಯರೇ,

ತಾವು ನನ್ನೊಡನೆ ಮಾತು ಬಿಟ್ಟಿರುವ ಕಾರಣ, ನಮ್ಮಿಬ್ಬರ ನಡುವಿನ ವ್ಯವಹಾರವೆಲ್ಲ ತಮ್ಮ ಮಗಳು ಅನನ್ಯಾಳ ಮುಖಾಂತರ ಇಂಗ್ಲಿಷಿನಲ್ಲಿ ನಡೆಯುತ್ತಿರುವ ಕಾರಣ, ನಿನ್ನೆ ಆ ಮಗು ನನ್ನ ಬಳಿ ಬಂದು "ಅಜ್ಜಿ, ಡ್ಯಾಡ್ ಈಸ್ ಆಸ್ಕಿಂಗ್ ಫಾರ್ ದ ನೇಲ್‌ಕಟರ್" ಎಂದಾಗ ಸದರಿ ಡ್ಯಾಡ್ ಅದೇ ಸೋಫಾದ ಇನ್ನೊಂದು ತುದಿಯಲ್ಲೇ ಕುಳಿತಿದ್ದ ಕಾರಣ, ಇನ್ನು ಬರವಣಿಗೆಯೇ ದಾರಿ ಎಂದು ತೀರ್ಮಾನಿಸಿ ಇದನ್ನು ಬರೆಯುತ್ತಿದ್ದೇನೆ. ಕನ್ನಡ ಓದಲು ಬರುವುದಿಲ್ಲವೆಂಬ ಆಕ್ಷೇಪಣೆಯನ್ನು ಸ್ವೀಕರಿಸಲಾಗುವುದಿಲ್ಲ. ಅ ಆ ಇ ಈ ತಿದ್ದಿಸಿದವಳು ನಾನೇ.

1. ಕಳೆದ ವರ್ಷ ವಂದನಾಳ ತಮ್ಮ ಚಿ. ಸುಧನ್ವ ಸಿಡ್ನಿಯಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ್ದು, ಅದಕ್ಕೆ ನಾವೆಲ್ಲರೂ ಹೋಗಿದ್ದು ತಮಗೆ ತಿಳಿದೇ ಇದೆ. ಮಧ್ಯಾಹ್ನದ ಅಡುಗೆಯನ್ನು ಬಂಧುಗಳು ಸಂಜೆಗೆ ಏನೂ ಉಳಿಯದಂತೆ ಮುಗಿಸಿದ ಕಾರಣ ರಾತ್ರಿಯೂಟಕ್ಕೆ ಪಿಜ್ಜಾ ತರಿಸಲಾಯಿತು. ಅದನ್ನು ತರಿಸಿದವರು ವಂದನಾಳ ಸೋದರಮಾವ ಡಾ. ಬದರಿನಾಥ ಅವರು. ನಿವೃತ್ತ ದಂತವೈದ್ಯರು, ವಿಧುರರು, ಸಿಡ್ನಿಯಲ್ಲೇ ತಲೆ ನರೆಸಿಕೊಂಡವರು. ಅವರು ಪೆಟ್ಟಿಗೆಯ ಮುಚ್ಚಳ ತೆಗೆದವರೇ, ಯಾರೂ ಕೇಳದಿದ್ದರೂ, ಈ ಕೆಳಕಂಡಂತೆ ಘೋಷಿಸಿದರು:

"ಪಿಜ್ಜಾ ತಿನ್ಬೇಕು ಅಂದ್ರೆ ಸಿಡ್ನಿಗೇ ಬರ್ಬೇಕು. ಮೆಲ್ಬರ್ನ್‌ನೋರು ಕಾಫಿ ಕುಡ್ಕೊಂಡಿರ್ಲಿ, ಸಾಕು."

ನಾನು ಮೆಲ್ಬರ್ನಿನಲ್ಲಿ ಹುಟ್ಟಿದವಳಲ್ಲ. ತಮ್ಮ ತಂದೆಯವರು ತೀರಿಕೊಂಡ ಮೇಲೆ ಎರಡು ಸೂಟ್‌ಕೇಸಿನೊಂದಿಗೆ ಬಂದಿಳಿದವಳು. ಆದರೂ ಆ ಮಾತು ಕೇಳಿದೊಡನೆ ನನ್ನೊಳಗೆ ಎಲ್ಲಿತ್ತೋ ಆ ಊರಭಿಮಾನ, ಉಕ್ಕಿತು.

"ನಮ್ಮನೆ ಪಕ್ಕದ ವೆರಿಬೀಲಿ ತಿಂದಿದೀರಾ?" ಎಂದೆ.

"ವೆರಿಬಿ ಅಂದ್ರೆ ಮೆಲ್ಬರ್ನ್ ಕೊಳಚೆ ನೀರೆಲ್ಲ ಹೋಗತ್ತಲ್ಲ, ಆ ಊರಲ್ವಾ?"

"ಹೌದು. ಆ ನೀರಿಗಿಂತ ನಿಮ್ಮ ಮಾತು ಕೊಳಕಾಗಿದೆ."

ತಾವು ಮೊಬೈಲ್ ನೋಡಲಾರಂಭಿಸಿದಿರಿ.

2. ಮುಂದಿನದು ತಮಗೆ ತಿಳಿಯದ ಸಂಗತಿ. ಸಿಡ್ನಿಯ ಆ ಪಿಜ್ಜಾ ಸುಮಾರಾಗಿದೆ ಎಂದು ಸಾಬೀತುಪಡಿಸುವ ಸಲುವಾಗಿ ನಾನು ಅದರ ಅಂಚನ್ನು ಆವೇಶದಿಂದ ಕಚ್ಚಿದ್ದು, ಅಂಚು ಗಟ್ಟಿಯಾಗಿದ್ದ ಕಾರಣ, ನನ್ನ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಬಾಯಿಂದ ಕಳಚಿ ಪಿಜ್ಜಾದಲ್ಲೇ ಉಳಿದುಬಿಟ್ಟಿತು. ಚೀಸು, ಅಣಬೆ, ಅದರ ನಡುವೆ ಮೂರು ಹಲ್ಲು. ಎದುರಿಗೆ ಬೀಗರು, ಬೀಗಿತ್ತಿಯರು, ವಿಡಿಯೋ ಮಾಡುತ್ತಿದ್ದ ಮಕ್ಕಳು. ಬಾಯಿ ತೆರೆದರೆ ಮಾನ ಹೋಗುತ್ತದೆ, ಮುಚ್ಚಿದರೆ ವಾದ ಸೋಲುತ್ತದೆ.

ಬದರಿನಾಥರು ನೋಡಿದರು. ಒಂದು ಪೇಪರ್ ನ್ಯಾಪ್ಕಿನ್ನನ್ನು ನನ್ನ ತಟ್ಟೆಯ ಮೇಲೆ ಮುಚ್ಚಿ, ತಟ್ಟೆಯನ್ನೇ ಎತ್ತಿಕೊಂಡು, ಎಲ್ಲರಿಗೂ ಕೇಳುವಂತೆ, "ಛೆ, ಈ ಪೀಸ್ ಬೆಂದೇ ಇಲ್ಲ ಕಣ್ರೀ, ಬೇರೆ ಕೊಡ್ತೀನಿ" ಎಂದರು. ಒಂದು ನಿಮಿಷದ ಹಿಂದೆ ಅದೇ ಪಿಜ್ಜಾವನ್ನು ಹೊಗಳಿದ ಬಾಯಿ ಅದು.

ಹಿಂದಿನ ಲಾಂಡ್ರಿ ಸಿಂಕಿನಲ್ಲಿ ಸೆಟ್ಟನ್ನು ತೊಳೆದು, ಅದರ ಕೊಕ್ಕೆಯನ್ನು ಬೆರಳಲ್ಲೇ ಒತ್ತಿ ಬಿಗಿ ಮಾಡುತ್ತಾ ಕೇಳಿದರು: "ಇದನ್ನ ಮಾಡಿದ್ದು ಡೆಂಟಿಸ್ಟೋ, ಬಡಗಿಯೋ?"

ನಗಬಾರದೆಂದುಕೊಂಡಿದ್ದೆ. ಹಲ್ಲಿಲ್ಲದ ಬಾಯಲ್ಲೇ ನಕ್ಕುಬಿಟ್ಟೆ. ಮಾನ್ಯರೇ, ಈ ವಯಸ್ಸಿನಲ್ಲಿ ಹಲ್ಲಿಲ್ಲದೆ ನಗುವುದನ್ನು ಒಬ್ಬರು ನೋಡಿದ ಮೇಲೆ ಅವರಿಂದ ಮುಚ್ಚಿಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

3. ಮೆಲ್ಬರ್ನಿಗೆ ಮರಳಿದ ಮೇಲೆ ಅವರು ಹಲ್ಲಿನ ಯೋಗಕ್ಷೇಮ ವಿಚಾರಿಸಲು ಫೋನ್ ಮಾಡಿದರು. ಹಲ್ಲಿನ ವಿಷಯ ಬೇಗ ಮುಗಿದ ಕಾರಣ ಪಿಜ್ಜಾಕ್ಕೆ ಬಂದೆವು. ಪಿಜ್ಜಾ ಮುಗಿಯಲಿಲ್ಲ. ಪಿಜ್ಜಾದ ಪ್ರಾಣ ಅಂಚಿನಲ್ಲಿದೆ, ಅದು ಹಲ್ಲಿಗೆ ಕೊಂಚ ಎದುರು ನಿಲ್ಲಬೇಕು ಎಂಬುದು ಅವರ ವಾದ. ದಂತವೈದ್ಯರಿಗೆ ಅದರಲ್ಲಿ ಸ್ವಹಿತಾಸಕ್ತಿ ಇದೆ ಎಂಬುದು ನನ್ನ ತಕರಾರು. ದೋಸೆಯಾಗಲಿ ಪಿಜ್ಜಾ ಆಗಲಿ, ಮಗುಚಿ ತಳ ನೋಡಬೇಕು. ತಳ ಕೆಂಪಗಿದ್ದರೆ ಮೇಲೆ ಏನು ಹಾಕಿದರೂ ನಡೆಯುತ್ತದೆ. ವೆರಿಬಿಯ ಆ ಇಟಲಿ ಅಂಗಡಿಯಲ್ಲಿ ತಳ ಕೆಂಪಗಿರುತ್ತದೆ, ಕೇಳಿದರೆ ಹಸಿಮೆಣಸಿನಕಾಯಿಯನ್ನೂ ಹಾಕಿಕೊಡುತ್ತಾರೆ.

"ಪಿಜ್ಜಾಕ್ಕೆ ಹಸಿಮೆಣಸಿನಕಾಯಾ? ಅನಸೂಯಾ ಅವ್ರೇ, ಅದು ಪಿಜ್ಜಾ ಅಲ್ಲ, ಅಕ್ಕಿರೊಟ್ಟಿ."

"ನಿಮ್ದು ಹಲ್ಲು ಮುರಿಯೋ ಯಂತ್ರ."

ನಾನು ಫೋನ್ ಹಿಡಿದು ಹಿತ್ತಲಿನಲ್ಲಿ ಓಡಾಡುತ್ತಿದ್ದುದನ್ನು ಕಂಡು, ತಾವು ವಂದನಾಳಿಗೆ "ಅಮ್ಮ ಇತ್ತೀಚೆಗೆ ವಾಕಿಂಗ್ ಶುರು ಮಾಡಿದ್ದಾಳೆ, ಗುಡ್" ಎಂದಿರಿ. ಆರೋಗ್ಯ ಸುಧಾರಿಸಿದ್ದಂತೂ ನಿಜ.

4. ಹೀಗಿರಲಾಗಿ, ಬದರಿನಾಥರು ಹಳೆಯ ಸಹಪಾಠಿಗಳನ್ನು ನೋಡುವ ನೆಪದಲ್ಲಿ ಮೆಲ್ಬರ್ನಿಗೆ ಬಂದು ಬಾಕ್ಸ್ ಹಿಲ್‌ನಲ್ಲಿ ಒಬ್ಬ ಸ್ನೇಹಿತರ ಮನೆಯಲ್ಲಿ ಇಳಿದುಕೊಂಡರು. ಶುಕ್ರವಾರ ಊರಿನ ಆ ತುದಿಯಿಂದ ಈ ತುದಿಗೆ ಟ್ರೈನಿನಲ್ಲಿ ವೆರಿಬಿಗೆ ಬಂದರು. ನಾನು ವಿಷ್ಣುಸಹಸ್ರನಾಮದ ಗುಂಪಿಗೆ ಹೋಗಿಬರುತ್ತೇನೆಂದು ಹೇಳಿ ಬಸ್ ಹತ್ತಿದೆ. ಈ ಬಗ್ಗೆ ವಿಷ್ಣುವಿನ ಆಕ್ಷೇಪಣೆ ಇದುವರೆಗೆ ಬಂದಿರುವುದಿಲ್ಲ.

ಪಿಜ್ಜಾ ಬಂತು. ಅವರು ಎಕ್ಸ್‌ರೇ ನೋಡುವವರ ಹಾಗೆ ಕಣ್ಣು ಕಿರಿದು ಮಾಡಿಕೊಂಡು ಅಗಿದರು, ನುಂಗಿದರು, ನೀರು ಕುಡಿದರು.

"ಪರವಾಗಿಲ್ಲ" ಎಂದರು.

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಪರವಾಗಿಲ್ಲವಂತೆ! ಹುಡುಗಿ ನೋಡಲು ಬಂದ ಗಂಡಿನ ಕಡೆಯವರು ಕೂಡ ಇದಕ್ಕಿಂತ ಮರ್ಯಾದೆಯಿಂದ ಮಾತಾಡುತ್ತಾರೆ.

ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದರು: "ನೋಡಿ, ಹೀಗೆ ಫ್ಲೈಟ್ ಹತ್ತಿ ಬಂದು ಜಗಳ ಆಡೋ ವಯಸ್ಸಲ್ಲ ನಂದು. ಮನೇಲಿ ಮಾತಾಡೋಕೆ ಯಾರೂ ಇಲ್ಲ, ಟೀವೀನೇ ಬೈಕೊಂಡು ಕೂತಿರ್ತೀನಿ. ಇಬ್ರೂ ಒಂದೇ ಊರಲ್ಲಿದ್ದು ಜಗಳ ಆಡಿದ್ರೆ ಹೇಗೆ?"

ನನ್ನ ಕೈಲಿದ್ದ ತುಂಡು ತಟ್ಟೆಗೆ ಬಿತ್ತು. ಸಾವರಿಸಿಕೊಂಡು ಕೇಳಿದೆ: "ಯಾವ ಊರಲ್ಲಿ?"

"ಯಾವ ಊರಿನ ಪಿಜ್ಜಾ ಗೆಲ್ಲತ್ತೋ ಆ ಊರಲ್ಲಿ."

ಇದೇ ಸಮಯಕ್ಕೆ ಸರಿಯಾಗಿ ತಾವು ಮನೆಯವರಿಗೆಲ್ಲ ಶುಕ್ರವಾರದ ಪಿಜ್ಜಾ ಒಯ್ಯಲು ಅದೇ ಅಂಗಡಿಗೆ ಬಂದು ಉಲ್ಲೇಖ (1)ರ ನೋಟಿಸು ನೀಡಿದಿರಿ.

"ಅಮ್ಮಾ? ನೀನು ಸಹಸ್ರನಾಮಕ್ಕೆ ಹೋಗಿರ್ಲಿಲ್ವಾ?"

"ಬೇಗ ಮುಗೀತಪ್ಪ."

"ಬಾ ಆದರ್ಶ್, ಕೂತ್ಕೋ, ಒಂದು ಸ್ಲೈಸ್ ತಗೋ" ಎಂದು ಬದರಿನಾಥರು ಸಹಜವಾಗಿಯೇ ಕರೆದರು. ತಾವು ಕೂರಲಿಲ್ಲ. ಆರ್ಡರ್ ಮಾಡಿದ್ದನ್ನೂ ತೆಗೆದುಕೊಳ್ಳದೆ ಹೊರಟುಹೋದಿರಿ. ಆ ಮೂರು ಪೆಟ್ಟಿಗೆಗಳನ್ನು ನಾನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ಅನನ್ಯಾ ಮಾತ್ರ ಒಂದು ಪೆಟ್ಟಿಗೆ ಹೊತ್ತುಕೊಂಡು ತನ್ನ ರೂಮಿಗೆ ಹೋದಳು. ಈ ಮನೆಯಲ್ಲಿ ವ್ಯವಹಾರಜ್ಞಾನ ಇರುವುದು ಅವಳೊಬ್ಬಳಿಗೆ.

5. ಮರುದಿನ ಬೆಳಿಗ್ಗೆ ತಮ್ಮ ಅಧ್ಯಕ್ಷತೆಯಲ್ಲಿ ವಿಚಾರಣೆ ನಡೆಯಿತು. ನನ್ನ ಮತ್ತು ಬದರಿನಾಥರ ನಡುವೆ ಆದ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ತಾವು ಎತ್ತಿದ ಆಕ್ಷೇಪಣೆಗಳು:

(ಅ) "ಜನ ಏನಂತಾರೆ?" ಯಾವ ಜನ, ಮಾನ್ಯರೇ? ಇಷ್ಟು ವರ್ಷವಾದರೂ ಪಕ್ಕದ ಮನೆಯವರ ಹೆಸರೇನೆಂದು ತಮಗೆ ಗೊತ್ತಿಲ್ಲ. ಅವರ ನಾಯಿಯ ಹೆಸರು ಮಾತ್ರ ಗೊತ್ತು.

(ಆ) "ನೀನು ಸಿಡ್ನಿಗೆ ಹೋದ್ರೆ ಅನನ್ಯಾನ ಸ್ಕೂಲಿಂದ ಯಾರು ಕರ್ಕೊಂಡ್ಬರ್ತಾರೆ?" ನನ್ನ ಸುಖದುಃಖದ ಪ್ರಶ್ನೆಗಿಂತ ಇದು ಮೊದಲು ಬಂತೆಂಬುದನ್ನು ಬೇಸರವಿಲ್ಲದೆ ಇಲ್ಲಿ ದಾಖಲಿಸಿದ್ದೇನೆ. ಬೇಸರವಿಲ್ಲದೆ ಎಂಬ ಪದವನ್ನು ಎರಡು ಸಲ ಓದುವುದು.

(ಇ) ವಂದನಾ ಎತ್ತಿದ್ದು ಶಾಸ್ತ್ರದ ಪ್ರಶ್ನೆ: "ಅತ್ತೆ, ಹಾಗೇನಾದ್ರೂ ಆದ್ರೆ ನಾನು ನಿಮ್ಮನ್ನ ಏನಂತ ಕರೀಲಿ?"

"ಸೋದರಮಾವನ ಹೆಂಡತೀನ ಏನಂತಾರಮ್ಮ?"

ಅವಳು ಯೋಚಿಸಿದಳು. "ಅತ್ತೆ."

"ಈಗ ಏನಂತ ಕರೀತಿದೀಯ?"

ವಂದನಾ ಎದ್ದು ಅಡುಗೆಮನೆಗೆ ಹೋಗಿ, ಒಳಗೆ ಏನೂ ಹಾಕದೆಯೇ ಮಿಕ್ಸಿ ತಿರುಗಿಸಿದಳು. ಮಿಕ್ಸಿಯ ಸದ್ದನ್ನೂ ಮೀರಿ ಅವಳ ನಗು ಕೇಳಿತು.

(ಈ) ಕೊನೆಗೆ ತಾವು ಒಂದೇ ಪದ ಹೇಳಿದಿರಿ. "ಅಪ್ಪ?"

ಅದಕ್ಕೆ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಮಗನೇ, ನಿನ್ನ ಅಪ್ಪನ ಹುದ್ದೆ ಖಾಲಿ ಇದೆ, ಖಾಲಿಯೇ ಇರುತ್ತದೆ. ಅದಕ್ಕೆ ಯಾರನ್ನೂ ನೇಮಕ ಮಾಡಿಲ್ಲ, ಪ್ರಭಾರವನ್ನೂ ವಹಿಸಿಲ್ಲ. ಇದು ಬೇರೆಯೇ ಹೊಸ ಹುದ್ದೆಯ ಸೃಜನೆ. ಅವರಿದ್ದಾಗ ನಾನು ಯಾರೊಡನೆಯೂ ಇಷ್ಟು ಜಗಳವಾಡಿದವಳಲ್ಲ, ಯಾಕೆಂದರೆ ಅವರು ಜಗಳಕ್ಕೆ ಸಿಗುತ್ತಿರಲಿಲ್ಲ. ಒಳ್ಳೆಯವರು, ಎಲ್ಲದಕ್ಕೂ ಹೂಂ ಎನ್ನುತ್ತಿದ್ದರು. ಅವರು ಹೋದ ಮೇಲೆ ಆ ಹೂಂ ಕೂಡ ಇಲ್ಲದ ಮನೆಯಲ್ಲಿ ನಾನು ಎಷ್ಟು ದಿನ ಒಬ್ಬಳೇ ಮಾತಾಡಿಕೊಂಡಿದ್ದೆ ಎಂಬುದು ನಿನಗೆ ಗೊತ್ತಿಲ್ಲ. ನೀನು ಕೆಲಸದಲ್ಲಿದ್ದೆ. ನಿನ್ನದು ತಪ್ಪಲ್ಲ.

(ಮೇಲಿನ ಪ್ಯಾರಾದಲ್ಲಿ ಏಕವಚನ ನುಸುಳಿದ್ದು, ಕಾಟು ಹಾಕಿಲ್ಲ. ಹಾಗೆಯೇ ಓದಿಕೊಳ್ಳತಕ್ಕದ್ದು.)

6. ವಿಚಾರಣೆಯ ನಂತರ ತಮ್ಮ ಆದೇಶದಂತೆ ಶುಕ್ರವಾರದ ಪಿಜ್ಜಾ ರದ್ದಾಗಿ ಉಪ್ಪಿಟ್ಟು ಜಾರಿಗೆ ಬಂತು. ತಾವು ಮೌನ ತಾಳಿದಿರಿ. ಒಂದು ಸಂಜೆ ವಂದನಾ ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕುಳಿತಳು.

"ನಿಜ ಹೇಳಿ ಅತ್ತೆ, ಸಿಡ್ನಿಗೆ ಹೋಗ್ತೀರಾ?"

"ಹೋಗಲ್ಲ. ಅನನ್ಯಾನ ಬಿಟ್ಟು ನಂಗಿರಕ್ಕಾಗಲ್ಲ."

"ಮಾಮಂಗೆ ಹೇಳಿದ್ರಾ?"

"ಹೇಳ್ದೆ. ಯೋಚ್ನೆ ಮಾಡ್ತೀನಿ ಅಂದ್ರು. ನಲವತ್ತು ವರ್ಷದ ಊರು, ಸ್ನೇಹಿತರು, ಎಲ್ಲ ಬಿಟ್ಟು ಬಾ ಅನ್ನೋಕೆ ನಾನ್ಯಾರು?"

ವಂದನಾ ನನ್ನ ಕೈ ಹಿಡಿದುಕೊಂಡು ಕೂತಿದ್ದಳು.

ಕಳೆದ ತಿಂಗಳ ಒಂದು ಭಾನುವಾರ, ಎರಡೂ ಊರಿನ ಬಂಧುಗಳಿರುವ ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಬದರಿನಾಥರು ಹೀಗೆ ಬರೆದರು: "ಸಿಡ್ನಿ ಪಿಜ್ಜಾ ಬಗ್ಗೆ ನಾನು ಇದುವರೆಗೆ ಹೇಳಿದ್ದೆಲ್ಲ ವಾಪಸ್. ವೆರಿಬಿಯದೇ ಶ್ರೇಷ್ಠ."

ಸಿಡ್ನಿ ಬಂಧುಗಳು ತತ್ತರಿಸಿದರು. "ಮಾಮ, ಫೋನ್ ಹ್ಯಾಕ್ ಆಗಿದ್ಯಾ?" ಎಂದು ಸುಧನ್ವ ಕೇಳಿದ. ಇನ್ನೊಬ್ಬರು ಬಿಪಿ ನೋಡಿಸಿಕೊಳ್ಳುವಂತೆ ಸಲಹೆ ನೀಡಿದರು. ಆ ಮಾತಿನ ಅರ್ಥ ಗೊತ್ತಾದದ್ದು ನನಗೊಬ್ಬಳಿಗೇ. ತಕ್ಷಣ ಅವರಿಗೆ ಫೋನ್ ಮಾಡಿದೆ.

"ಯಾಕ್ರೀ ಸುಳ್ಳು ಬರೆದ್ರಿ? ಪರವಾಗಿಲ್ಲ ಅಂದಿದ್ರಿ."

"ವೆರಿಬೀಲಿ ರೆಂಟ್‌ಗೆ ಒಂದು ಯುನಿಟ್ ನೋಡ್ದೆ. ಸ್ಟೇಷನ್ ಹತ್ರಾನೇ ಇದೆ. ಇನ್ಮೇಲೆ ಅಲ್ಲಿಯದ್ನೇ ತಿನ್ಬೇಕಲ್ಲ, ಈಗಿಂದ್ಲೇ ಅಭ್ಯಾಸ ಮಾಡ್ಕೋತಿದೀನಿ."

ಅವರು ಮುಂದೆ ಏನೋ ಹೇಳುತ್ತಿದ್ದರು. ನನಗೆ ಕೇಳಿಸಲಿಲ್ಲ. ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದೆ.

7. ಆದ್ದರಿಂದ, ಪಿಜ್ಜಾ ವಿವಾದವು ವೆರಿಬಿಯ ಪರವಾಗಿ ಇತ್ಯರ್ಥವಾಗಿರುವ ಕಾರಣ, ವೆರಿಬಿಯಿಂದ ಅನನ್ಯಾಳ ಶಾಲೆಗೆ ಬಂದುಹೋಗುವುದು ಕಷ್ಟವಲ್ಲದ ಕಾರಣ, ಅಲ್ಲದೆ ಬದರಿನಾಥರಿಗೆ ಕಾರೂ ಇರುವ ಕಾರಣ, ಈ ದೇಶದ ಕಾನೂನಿನಂತೆ ಮದುವೆಗೆ ಮುಂಚಿತವಾಗಿ ಕೊಡಬೇಕಾದ ನೋಟಿಸನ್ನು ನಾವಿಬ್ಬರೂ ಸಹಿ ಮಾಡಿ ಕೊಟ್ಟಾಗಿರುವ ಕಾರಣ, ತಾವು ದಯಮಾಡಿ ಇದಕ್ಕೆ ಅನುಮೋದನೆ ನೀಡಬೇಕು, ಉಪ್ಪಿಟ್ಟಿನ ಆದೇಶವನ್ನು ಹಿಂಪಡೆಯಬೇಕು ಮತ್ತು ನನ್ನನ್ನು ಒಂದು ಸಲ ಬಾಯಿತುಂಬ "ಅಮ್ಮ" ಎಂದು ಕರೆಯಬೇಕು. ಪ್ರಶ್ನಾರ್ಥಕ ಚಿಹ್ನೆ ಬೇಡ.

ಅರ್ಜಿ ತಿರಸ್ಕೃತವಾದಲ್ಲಿ ಮೇಲ್ಮನವಿಯನ್ನು 'ಮೂಲಕ' ಎಂದು ಮೇಲೆ ನಮೂದಿಸಿದವರಲ್ಲಿ ಸಲ್ಲಿಸಲಾಗುವುದು. ಅವರು ಮದುವೆಯ ಸೀರೆಯನ್ನು ಈಗಾಗಲೇ ಆರಿಸಿದ್ದಾರೆ.

ತಮ್ಮ ವಿಶ್ವಾಸಿ, ಹಾಗೂ ಹೆತ್ತವಳು,
(ಸಹಿ) ಅನಸೂಯಾ

ಅಡಕಗಳು:
1. ಬದರಿನಾಥರ ವಾಟ್ಸ್ಯಾಪ್ ತಪ್ಪೊಪ್ಪಿಗೆ, ಸುಧನ್ವನ ಪ್ರತಿಕ್ರಿಯೆ ಸಹಿತ.
2. ಅನನ್ಯಾಳ ನಿರಾಕ್ಷೇಪಣಾ ಪತ್ರ. (ಪೂರ್ಣಪಾಠ: "ಓಕೆ, ಬಟ್ ಐ ವಾಂಟ್ ಪಿಜ್ಜಾ ಅಟ್ ದ ವೆಡ್ಡಿಂಗ್.")
3. ನೇಲ್‌ಕಟರ್.

ವಿ.ಸೂ.: ಬರುವ ಶನಿವಾರ ಬದರಿನಾಥರ ಸಾಮಾನು ಸಿಡ್ನಿಯಿಂದ ಬರುತ್ತಿದ್ದು, ನಾನು ಬೇಡವೆಂದರೂ ಕೇಳದೆ ಹಲ್ಲಿನ ಕ್ಲಿನಿಕ್ಕಿನ ಹಳೆಯ ಕುರ್ಚಿಯನ್ನೂ ತರಿಸುತ್ತಿದ್ದಾರೆ. ಕ್ರಿಕೆಟ್ ನೋಡಲು ಅದೇ ಆಗಬೇಕಂತೆ. ಕುರ್ಚಿ ವಿಪರೀತ ಭಾರವಿದೆ, ಯುನಿಟ್ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಅದನ್ನು ಮೇಲೆ ಹತ್ತಿಸಲು ಗಟ್ಟಿಮುಟ್ಟಾದ ಒಬ್ಬ ಮಗ ಬೇಕಾಗಿದ್ದಾನೆ. ಅರ್ಜಿದಾರಳ ಬಳಿ ಇರುವುದು ಒಬ್ಬನೇ. ಅವನನ್ನು ಅಂದು ಬೆಳಿಗ್ಗೆ ತಿಂಡಿ ಕೊಟ್ಟು ಕಳುಹಿಸಿಕೊಡಬೇಕಾಗಿ ವಿನಂತಿ.